ಮೊದಲ ಕಾಳಗದಲ್ಲೇ ಎಲ್ಲರೂ ಸಾಯುತ್ತಾರೆ, ನಾಲ್ಕು ಭಾನುವಾರಗಳಿಂದ ಇದೇ ಆಗುತ್ತಿದೆ

ಶಾಲ್ಮಲೆಯ ದಂಡೆ:
ಅಡಿಕೆ ಸುಲಿಯುವ ಕೆಲಸ ಮುಗಿದ ಮೇಲೆ ಸಿಕ್ಕ ಬಿಡುವಿನಲ್ಲಿ ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ ಗೆಳೆಯರು ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಶುರು ಮಾಡಿದ್ದೇವೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ, ಏಟು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಆಟ ನಡೆಸುವವನು ನಾನು. ನಿಯಮಗಳನ್ನು ಎರಡು ಸಲ ಓದಿ ಟಿಪ್ಪಣಿ ಮಾಡಿಕೊಂಡಿದ್ದೇನೆ. ಕಥೆಯನ್ನೂ ನಾನೇ ಕಟ್ಟಿದ್ದೇನೆ: ಸೋಂದೆಯಿಂದ ಕಾಳುಮೆಣಸಿನ ಮೂಟೆ ಹೊತ್ತ ಎತ್ತುಗಳು ದೇವಿಮನೆ ಘಟ್ಟ ಇಳಿದು ಮಿರ್ಜಾನ್ ಕೋಟೆ ಸೇರಬೇಕು, ಕಾವಲಿಗೆ ನಮ್ಮ ವೀರರು. ಘಟ್ಟದ ತಿರುವಿನಲ್ಲಿ ಕುಳ್ಳ ರಕ್ಕಸ ಜೀವಿಗಳಾದ ಗಾಬ್ಲಿನ್‌ಗಳು ಮೇಲೆ ಬೀಳುತ್ತವೆ. ಅಲ್ಲಿಗೆ ಕಥೆ ಮುಗಿಯುತ್ತದೆ. ವೀರರ ಏಟು ತಾಗುವುದಿಲ್ಲ, ಗಾಬ್ಲಿನ್‌ಗಳ ಬಾಣ ತಪ್ಪುವುದಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲರೂ ಹೆಣ. ನಾಲ್ಕು ಭಾನುವಾರ, ನಾಲ್ಕು ಸಲ.

ಮಂತ್ರವಾದಿಯಾಗಿ ಆಡುವ ಗೆಳತಿ ನಿನ್ನೆ ತನ್ನ ಪಾತ್ರದ ವಿವರ ಬರೆದ ಹಾಳೆ ಮಡಿಸಿಟ್ಟು, ಇನ್ನೊಂದು ಸಲ ಹೀಗಾದರೆ ತಾನು ಬರುವುದಿಲ್ಲ ಎಂದಳು. ಕಥೆಗಾಗಿ ಎರಡು ತಿಂಗಳು ಕೂತು ಬರೆದಿದ್ದೇನೆ. ನಿಯಮವೇ ಹೀಗೋ, ನಮ್ಮಲ್ಲಿ ಎಲ್ಲೋ ತಪ್ಪಾಗಿದೆಯೋ? ದಯವಿಟ್ಟು ಹೇಳಿ.

ಕೋಡಿಬಾಗ:
ಯಾವ ಆವೃತ್ತಿ? ಎಷ್ಟು ಆಟಗಾರರು? ಎಷ್ಟು ಗಾಬ್ಲಿನ್? ಇಷ್ಟನ್ನೂ ಬರೆಯದಿದ್ದರೆ ಯಾರು ಏನು ಹೇಳಲು ಸಾಧ್ಯ?

ಘಟ್ಟದ ಮೇಲಿನವ:
ಹೇಳಲು ಸಾಧ್ಯ. ಗಾಬ್ಲಿನ್‌ಗಳು ಹೆಚ್ಚಾಗಿವೆ, ಬೇರೇನೂ ಇಲ್ಲ. ಹೊಸದಾಗಿ ಆಟ ನಡೆಸುವವರು ಹತ್ತರಲ್ಲಿ ಒಂಬತ್ತು ಜನ ಇದೇ ತಪ್ಪು ಮಾಡುತ್ತಾರೆ, ಹಿಂದೆ ನಾನೂ ಮಾಡಿದ್ದೆ. ಮೊದಲನೇ ಹಂತದ ವೀರ ಎಂದರೆ ಮೊನ್ನೆ ನೆಟ್ಟ ಅಡಿಕೆ ಸಸಿ. ಅದರ ಮೇಲೆ ಕಾಡುಕೋಣ ನುಗ್ಗಿಸಬಾರದು.

ಶಾಲ್ಮಲೆಯ ದಂಡೆ:
ಐದನೇ ಆವೃತ್ತಿ, 2014ರ ನಿಯಮ. 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟ ಉಚಿತ ಕಡತವನ್ನೇ ಮುದ್ರಿಸಿಕೊಂಡಿದ್ದೇವೆ. ನನ್ನನ್ನು ಬಿಟ್ಟು ಮೂವರು: ಖಡ್ಗಧಾರಿ, ಕಳ್ಳ, ಮಂತ್ರವಾದಿ. ಗಾಬ್ಲಿನ್ ನಾಲ್ಕು.

ಘಟ್ಟದ ಮೇಲಿನವ:
ನಾನು ಹೇಳಿದ್ದೇ ಸರಿಯಾಯಿತು. ಲೆಕ್ಕ ನೋಡಿ. ಒಂದು ಗಾಬ್ಲಿನ್‌ಗೆ ಕಾಳಗದ ಕಠಿಣತೆ ಅಳೆಯುವ 50 ಅಂಕ, ನಾಲ್ಕಕ್ಕೆ 200. ಮೂರರಿಂದ ಆರು ಶತ್ರುಗಳಿದ್ದರೆ ಅದನ್ನು ಎರಡರಿಂದ ಗುಣಿಸಬೇಕು, 400 ಆಯಿತು. ಮೊದಲನೇ ಹಂತದ ಒಬ್ಬ ವೀರನಿಗೆ ಮಾರಕ ಎನ್ನಿಸುವ ಗೆರೆ 100, ಮೂವರಿಗೆ 300. ಆ ಗೆರೆಗಿಂತ 100 ಮೇಲಿದ್ದೀರಿ. ಎರಡು ಗಾಬ್ಲಿನ್ ಸಾಕು. ಸಮಸ್ಯೆ ಬಗೆಹರಿಯಿತು.

ಶಾಲ್ಮಲೆಯ ದಂಡೆ:
ಬಗೆಹರಿಯಲಿಲ್ಲ. ಮೂರನೇ ಮತ್ತು ನಾಲ್ಕನೇ ಭಾನುವಾರ ಎರಡೇ ಗಾಬ್ಲಿನ್ ಇದ್ದದ್ದು. ನಿಮ್ಮದೇ ಲೆಕ್ಕ ಹಾಕಿದೆ: 100 ಅಂಕ, ಒಂದೂವರೆಯಿಂದ ಗುಣಿಸಿದರೆ 150. ಮೂವರಿಗೆ ಅದು ಮಧ್ಯಮ ದರ್ಜೆಯ ಕಾಳಗ. ಆಗಲೂ ಮೂವರೂ ಸತ್ತರು.

ಘಟ್ಟದ ಮೇಲಿನವ:
ಹಾಗಿದ್ದರೆ ಗಾಬ್ಲಿನ್‌ಗಳನ್ನು ಅತಿ ಜಾಣತನದಿಂದ ಆಡಿಸುತ್ತಿದ್ದೀರಿ. ಏಟು ಕೊಟ್ಟ ಮೇಲೂ ಅದೇ ಸರದಿಯಲ್ಲಿ ಅಡಗಿಕೊಳ್ಳುವ ಶಕ್ತಿ ಅವಕ್ಕಿದೆ. ಪ್ರತಿ ಸುತ್ತಿನಲ್ಲೂ ಪೊದೆ ಸೇರಿಸಿದರೆ ವೀರರು ಯಾರಿಗೆ ಹೊಡೆಯಬೇಕು? ಘಟ್ಟದ ರಸ್ತೆ ಎಂದಿರಿ, ಎರಡೂ ಬದಿ ಪೊದೆ ಇದ್ದೇ ಇರುತ್ತದೆ. ಬಯಲಿಗೆ ತನ್ನಿ.

ಶಾಲ್ಮಲೆಯ ದಂಡೆ:
ಅಡಗಿಸಿಲ್ಲ. ನಾಲ್ಕನೇ ವಾರ ಬಯಲಿನಲ್ಲೇ ಹೋರಾಡಿಸಿದೆ.

ಘಟ್ಟದ ಮೇಲಿನವ:
ಮಂತ್ರವಾದಿಯನ್ನು ಮುಂದೆ ನಿಲ್ಲಿಸಿದ್ದೀರಾ? ನಿದ್ರೆಯ ಮಂತ್ರವನ್ನು ಬಳಸಿಲ್ಲವೇ? ಐದು ಎಂಟುಮುಖದ ದಾಳ ಉರುಳಿಸಿದರೆ ಸರಾಸರಿ 22 ಜೀವಬಲದ ಅಂಕ, ಅಂದರೆ ಹಿಟ್ ಪಾಯಿಂಟ್‌ನಷ್ಟು ಶತ್ರುಗಳು ಮಲಗುತ್ತಾರೆ. ಗಾಬ್ಲಿನ್‌ಗೆ ಇರುವುದು 7. ಎರಡೂ ನೆಲಕ್ಕುರುಳುತ್ತವೆ. ಕಾಳಗ ಕಠಿಣವಾಗಿದೆ ಎಂದೇ ನನ್ನ ಅಭಿಪ್ರಾಯ, ಬದಲಾಗುವುದಿಲ್ಲ.

ಅರ್ಥಧಾರಿ:
ಶಾಲ್ಮಲೆಯವರೇ, "ಆಟ ನಡೆಸುವವನು" ಎಂದು ಬರೆದಿದ್ದೀರಿ. ನಮ್ಮ ಜಿಲ್ಲೆಯವರು ಹಾಗೆ ಬರೆಯಬೇಕಾಗಿಲ್ಲ. ಭಾಗವತ ಎನ್ನಿ. ಭಾಗವತನೇ ಮೊದಲನೆಯ ವೇಷ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಸುತ್ತ ಕುಳಿತ ನಾಲ್ಕು ಜನ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಪಾತ್ರವಾಗುತ್ತಾರೆ. ನೀವು ಜಗುಲಿಯಲ್ಲಿ ಮಾಡುತ್ತಿರುವುದೂ ಅದನ್ನೇ. ಇದನ್ನು ಹೊಸಬರಿಗೆ ಹೀಗೆ ವಿವರಿಸಿದರೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ನಮ್ಮ ಅಜ್ಜಿಗೇ ಅರ್ಥವಾಯಿತು.

ಕೋಡಿಬಾಗ:
ಒಪ್ಪಲಾರೆ. ತಾಳಮದ್ದಳೆಯಲ್ಲಿ ಕರ್ಣನ ಪಾತ್ರಧಾರಿ ಎಷ್ಟೇ ಚೆನ್ನಾಗಿ ವಾದಿಸಿದರೂ ಕರ್ಣ ಬೀಳಲೇಬೇಕು, ಪ್ರಸಂಗದ ಪದ್ಯ ಹಾಗಿದೆ. ಇಲ್ಲಿ ಯಾರು ಬೀಳುತ್ತಾರೆಂದು ಆಟ ನಡೆಸುವವನಿಗೂ ಗೊತ್ತಿರುವುದಿಲ್ಲ, ದಾಳ ಹೇಳಬೇಕು. ಆ ವ್ಯತ್ಯಾಸ ಸಣ್ಣದಲ್ಲ. ಸೂತ್ರಧಾರ ಎಂಬ ಪದವೇ ಸಾಕು.

ಅರ್ಥಧಾರಿ:
ಸೂತ್ರಧಾರ ನಾಟಕ ಶುರುವಾದ ಮೇಲೆ ಒಳಗೆ ಹೋಗುತ್ತಾನೆ. ಭಾಗವತ ಕೊನೆಯವರೆಗೂ ಕುಳಿತಿರುತ್ತಾನೆ, ಅರ್ಥಧಾರಿ ಹಳಿ ತಪ್ಪಿದರೆ ಮುಂದಿನ ಪದ ಎತ್ತಿ ದಾರಿಗೆ ತರುತ್ತಾನೆ. ಆಟ ನಡೆಸುವವನ ಕೆಲಸ ಇದಕ್ಕಿಂತ ಬೇರೆಯೇ? ಫಲ ಮೊದಲೇ ಗೊತ್ತಿದೆಯೋ ಇಲ್ಲವೋ ಎಂಬುದು ಬೇರೆ ಮಾತು.

ಕೋಡಿಬಾಗ:
ಅದೇ ಮುಖ್ಯ ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದದ್ದು ಯುದ್ಧದ ಆಟಗಳ ಹಿನ್ನೆಲೆಯಿಂದ, ರಂಗಭೂಮಿಯಿಂದಲ್ಲ. ಲೆಕ್ಕ ಅದರ ಹುಟ್ಟುಗುಣ.

ಬೇಲೆಕೇರಿ ಬಂದರು:
ನಕ್ಷೆಯ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ, ಉಪಯೋಗವಾಗುತ್ತದೆ. ಮಳೆಗಾಲದಲ್ಲಿ ಕರಾವಳಿಯಲ್ಲಿ ಕಾಗದದ ನಕ್ಷೆ ಒಂದು ವಾರವೂ ಬಾಳುವುದಿಲ್ಲ, ಹಪ್ಪಳದ ಹಾಗೆ ಮಡಚಿಕೊಳ್ಳುತ್ತದೆ. ನಾನು ಹಳೆಯ ಫ್ಲೆಕ್ಸ್ ಬ್ಯಾನರಿನ ಹಿಂಬದಿಯ ಬಿಳಿ ಮೈ ಮೇಲೆ ಒಂದಂಗುಲದ ಚೌಕ ಎಳೆದಿದ್ದೇನೆ, ಒಂದು ಚೌಕಕ್ಕೆ ಐದಡಿ. ಅಳಿಸಬಹುದಾದ ಮಾರ್ಕರ್‌ನಿಂದ ಗೋಡೆ, ಮರ ಬಿಡಿಸಿ ಒರೆಸುವುದು. ಗಾಬ್ಲಿನ್‌ಗೆ ಗೇರುಬೀಜ, ವೀರರಿಗೆ ಗೋಟಡಿಕೆ. ಹಲಸಿನ ಹಲಗೆಯಲ್ಲಿ ಚೌಕಟ್ಟು ಮಾಡಿಸಿದ್ದೇನೆ, ಮಡಿಸಿದರೆ ಹಾರ್ಮೋನಿಯಂ ಪೆಟ್ಟಿಗೆಯಷ್ಟಾಗುತ್ತದೆ. ಮೂರು ವರ್ಷದಿಂದ ಒಂದು ಗೀರೂ ಬಿದ್ದಿಲ್ಲ.

ಘಟ್ಟದ ಮೇಲಿನವ:
ಗೇರುಬೀಜಕ್ಕೆ ಹುಳು ಹಿಡಿಯುವುದಿಲ್ಲವೇ? ನಾನು ಜೇಡಿಮಣ್ಣಿನ ಬೊಂಬೆ ಮಾಡಿ ಸುಟ್ಟಿದ್ದೇನೆ, ನಲವತ್ತಕ್ಕೂ ಹೆಚ್ಚು ಇವೆ. ಯಾಣದ ಬಂಡೆಗಳ ಮಾದರಿಯನ್ನೂ ಥರ್ಮೋಕೋಲಿನಲ್ಲಿ ಕೊರೆದು ಕಪ್ಪು ಬಣ್ಣ ಬಳಿದಿದ್ದೇನೆ, ಮೊಣಕಾಲೆತ್ತರ.

ಬೇಲೆಕೇರಿ ಬಂದರು:
ಹುರಿದ ಗೇರುಬೀಜ. ಹಿಡಿಯುವುದಿಲ್ಲ.

ಮಂಜುಗುಣಿ ದಾರಿ:
ಶಾಲ್ಮಲೆಯವರೇ, ಒಂದು ವಿನಂತಿ. ಒಂದು ಸುತ್ತಿನಲ್ಲಿ ಏನೇನಾಯಿತು ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಯಾರು ಉರುಳಿಸಿದರು, ಯಾವ ಅಂಕ ಬಿತ್ತು, ಏನನ್ನು ಕೂಡಿಸಿದಿರಿ, ಯಾವುದರ ಜೊತೆ ಹೋಲಿಸಿದಿರಿ. ನಿಮಗೆ ಗೊತ್ತೇ ಇರುವ ವಿಷಯವೆಂದು ಯಾವುದನ್ನೂ ಬಿಡಬೇಡಿ.

ಶಾಲ್ಮಲೆಯ ದಂಡೆ:
ಟಿಪ್ಪಣಿ ಪುಸ್ತಕದಲ್ಲಿದೆ. ನಾಲ್ಕನೇ ಭಾನುವಾರ, ಮೊದಲ ಸುತ್ತು.
ಖಡ್ಗಧಾರಿ: 4, 3, 5, ಒಟ್ಟು 12. ಗಾಬ್ಲಿನ್‌ನ ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಅಂಕ) 15. ತಾಗಲಿಲ್ಲ.
ಮಂತ್ರವಾದಿಯ ಬೆಂಕಿ: 3, 6, 1, ಒಟ್ಟು 10. ತಾಗಲಿಲ್ಲ.
ಕಳ್ಳ: 2, 5, 4, ಒಟ್ಟು 11. ತಾಗಲಿಲ್ಲ.
ಗಾಬ್ಲಿನ್: 3, 4, 2, ಒಟ್ಟು 9, ಅದರ ಜೊತೆ 4, ಒಟ್ಟು 13. ಮಂತ್ರವಾದಿಯ ಆರ್ಮರ್ ಕ್ಲಾಸ್ 12. ತಾಗಿತು.

ಮಂಜುಗುಣಿ ದಾರಿ:
4, 3, 5 ಎಂದರೇನು? ಇಪ್ಪತ್ತು ಮುಖದ ದಾಳ ಒಂದೇ ಅಲ್ಲವೇ ಉರುಳಿಸಬೇಕು?

ಶಾಲ್ಮಲೆಯ ದಂಡೆ:
ಇಪ್ಪತ್ತು ಮುಖದ ದಾಳ ಇಲ್ಲಿ ಎಲ್ಲಿ ಸಿಗುತ್ತದೆ? ಪೇಟೆಯ ಆಟಿಕೆ ಅಂಗಡಿ, ಪುಸ್ತಕದಂಗಡಿ ಎಲ್ಲ ಸುತ್ತಿದೆ. ಮನೆಯಲ್ಲಿದ್ದ ಲೂಡೋ ದಾಳಗಳು ಮೂರು, ಅವನ್ನೇ ಒಟ್ಟಿಗೆ ಹಾಕುತ್ತೇವೆ. ಸರಾಸರಿ ಎರಡಕ್ಕೂ ಹತ್ತೂವರೆಯೇ ಬರುತ್ತದೆ, ಲೆಕ್ಕ ಮಾಡಿಯೇ ಶುರು ಮಾಡಿದ್ದೆ. ಅದರಲ್ಲಿ ತೊಂದರೆ ಇರಲಾರದು ಎಂದು ಬರೆಯಲಿಲ್ಲ.

ಮಂಜುಗುಣಿ ದಾರಿ:
ತೊಂದರೆ ಅಲ್ಲೇ ಇದೆ. ಸರಾಸರಿ ಒಂದೇ, ಆದರೆ ಹರವು ಬೇರೆ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಅಂಕಕ್ಕೂ ಇಪ್ಪತ್ತರಲ್ಲಿ ಒಂದು ಪಾಲು, 1 ಬರುವುದೂ 20 ಬರುವುದೂ 10 ಬರುವುದೂ ಸಮ. ಮೂರು ಲೂಡೋ ದಾಳಗಳು 216 ರೀತಿಯಲ್ಲಿ ಬೀಳಬಹುದು, ಅವುಗಳಲ್ಲಿ ಹೆಚ್ಚಿನವು 10, 11ರ ಆಸುಪಾಸಿನಲ್ಲೇ ಗುಂಪುಗೂಡುತ್ತವೆ. 15 ಅಥವಾ ಅದಕ್ಕಿಂತ ಮೇಲೆ ಬೀಳುವುದು 20 ರೀತಿಯಲ್ಲಿ ಮಾತ್ರ. ಅಂದರೆ ನೂರಕ್ಕೆ ಒಂಬತ್ತು ಚಿಲ್ಲರೆ. ಸರಿಯಾದ ದಾಳದಲ್ಲಿ ಅದೇ ನೂರಕ್ಕೆ ಮೂವತ್ತು.

ಇನ್ನು ಗಾಬ್ಲಿನ್ ಕಡೆ ನೋಡಿ. ಮಂತ್ರವಾದಿಗೆ ತಾಗಲು ಅದಕ್ಕೆ 8 ಬಂದರೆ ಸಾಕು. ಸರಿಯಾದ ದಾಳದಲ್ಲಿ ನೂರಕ್ಕೆ 65. ನಿಮ್ಮ ಮೂರು ದಾಳದಲ್ಲಿ ಸುಮಾರು 84. ಸುಲಭವಾದದ್ದು ಇನ್ನೂ ಸುಲಭವಾಯಿತು, ಕಷ್ಟವಾದದ್ದು ಇನ್ನೂ ಕಷ್ಟವಾಯಿತು. ನಿಮ್ಮ ವೀರರು ನಾಲ್ಕೂ ಭಾನುವಾರ ಕಷ್ಟದ ಬದಿಯಲ್ಲೇ ನಿಂತಿದ್ದರು.

ಅವರು ಆ ಬದಿಯಲ್ಲಿ ನಿಂತದ್ದಕ್ಕೆ ಕಾರಣ ಬೇರೆ ಇದೆ. ಗಾಬ್ಲಿನ್‌ಗೆ 4 ಕೂಡಿಸಿದ್ದೀರಿ, ಏಕೆಂದರೆ ಅದು ಅದರ ವಿವರದಲ್ಲಿ ಅಚ್ಚಾಗಿದೆ. ವೀರರಿಗೆ ಏನನ್ನೂ ಕೂಡಿಸಿಲ್ಲ. ಖಡ್ಗಧಾರಿಯ ಬಲ ಎಷ್ಟು?

ಶಾಲ್ಮಲೆಯ ದಂಡೆ:
16.

ಮಂಜುಗುಣಿ ದಾರಿ:
16ರಲ್ಲಿ 10 ಕಳೆದು ಅರ್ಧ ಮಾಡಿದರೆ 3, ಅದು ಮಾಡಿಫೈಯರ್, ಅಂದರೆ ದಾಳದ ಅಂಕಕ್ಕೆ ಕೂಡಿಸಬೇಕಾದದ್ದು. ಮೊದಲನೇ ಹಂತದಲ್ಲಿ ಪಳಗಿದ ಕೆಲಸಕ್ಕೆ ಸಿಗುವ ಪ್ರೊಫಿಷಿಯನ್ಸಿ ಬೋನಸ್ 2. ಒಟ್ಟು 5. ಹಾಳೆಯಲ್ಲಿ ಆಯುಧದ ಹೆಸರಿನ ಪಕ್ಕ ಒಂದು ಖಾಲಿ ಚೌಕ ಇದೆಯಲ್ಲ, ಅದು ಇದಕ್ಕೇ. ಮಂತ್ರವಾದಿಯ ಬುದ್ಧಿಶಕ್ತಿ, ಕಳ್ಳನ ಚುರುಕುತನ 16 ಇದ್ದರೆ ಅವರಿಗೂ 5. ಈಗ ನಿಮ್ಮ ಟಿಪ್ಪಣಿಯನ್ನೇ ಮತ್ತೆ ಓದಿ: 12 ಎಂಬುದು 17, 10 ಎಂಬುದು 15, 11 ಎಂಬುದು 16. ಗಾಬ್ಲಿನ್‌ನ ಅಂಕಕ್ಕೆ ಸಮ ಬಂದರೂ ತಾಗಿದ ಹಾಗೆಯೇ. ಮೂರೂ ಏಟು ತಾಗಿದ್ದವು.

ಶಾಲ್ಮಲೆಯ ದಂಡೆ:
ಆ ಚೌಕ ಮೂವರದ್ದೂ ಖಾಲಿಯೇ ಇದೆ. ಮಾಡಿಫೈಯರ್ ಎಂಬುದು ಬಾಗಿಲು ಒಡೆಯುವುದು, ಮರ ಹತ್ತುವುದು ಇಂಥ ಪರೀಕ್ಷೆಗಳಿಗೆ ಮಾತ್ರ ಎಂದುಕೊಂಡಿದ್ದೆ. ನಾಲ್ಕು ಭಾನುವಾರ ಅವರನ್ನು ನಾನೇ ಕೊಂದಿದ್ದೇನೆ. ಇವತ್ತೇ ಮೂವರಿಗೂ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ. ಆದರೆ ದಾಳಕ್ಕೆ ಏನು ಮಾಡಲಿ?

ಬೇಲೆಕೇರಿ ಬಂದರು:
ಮೊಬೈಲಿನಲ್ಲಿ ದಾಳದ ಆ್ಯಪ್ ಇದೆ.

ಶಾಲ್ಮಲೆಯ ದಂಡೆ:
ಜಗುಲಿಯಲ್ಲಿ ಮೊಬೈಲ್ ಇಡಬಾರದು ಎಂಬ ಕರಾರಿನ ಮೇಲೆಯೇ ಎಲ್ಲರೂ ಬರುತ್ತಿದ್ದಾರೆ. ಅದನ್ನು ಮುರಿಯುವುದಿಲ್ಲ.

ಅರ್ಥಧಾರಿ:
ಕವಡೆ ಇಲ್ಲವೇ? ಚೌಕಾಬಾರ ಆಡುವ ಮನೆಯಲ್ಲಿ ದಾಳಕ್ಕೆ ಬರವೇ? ಪಗಡೆಯ ದಾಳಕ್ಕೂ ನಾಲ್ಕು ಮುಖವಿದೆ.

ಕೋಡಿಬಾಗ:
ಕವಡೆಯಲ್ಲೂ ಇದೇ ತೊಂದರೆ. ನಾಲ್ಕು ಕವಡೆಗಳು ಎರಡೂ ಮಗ್ಗುಲಿಗೆ ಸಮವಾಗಿ ಬೀಳುತ್ತವೆ ಎಂದೇ ಇಟ್ಟುಕೊಳ್ಳಿ, ಎರಡು ಅಂಗಾತ ಬೀಳುವುದಕ್ಕೆ ಹದಿನಾರರಲ್ಲಿ ಆರು ಪಾಲು, ನಾಲ್ಕೂ ಅಂಗಾತ ಬೀಳುವುದಕ್ಕೆ ಒಂದೇ ಪಾಲು. ಚೌಕಾಬಾರಕ್ಕೆ ಅದು ಸೊಗಸು, ಇಲ್ಲಿಗೆ ಸಲ್ಲದು.

ಮಂಜುಗುಣಿ ದಾರಿ:
ಮನೆಯಲ್ಲಿ ತಂಬೋಲಾ ಇದ್ದರೆ 1ರಿಂದ 20ರವರೆಗಿನ ಬಿಲ್ಲೆಗಳನ್ನು ತೆಗೆದು ಸ್ಟೀಲ್ ಲೋಟಕ್ಕೆ ಹಾಕಿ. ಕುಲುಕಿ, ನೋಡದೆ ಒಂದು ಎತ್ತಿ, ಓದಿ, ಮರಳಿ ಹಾಕಿ. ಮರಳಿ ಹಾಕುವುದನ್ನು ಮರೆಯಬೇಡಿ, ಇಲ್ಲವಾದರೆ ಮುಂದಿನವನ ಪಾಲು ಬದಲಾಗುತ್ತದೆ. ಎಂಟು ಮುಖದ ದಾಳಕ್ಕೆ ಇನ್ನೊಂದು ಲೋಟದಲ್ಲಿ 8 ಬಿಲ್ಲೆ, ಇಸ್ಪೀಟಾದರೆ ಎಕ್ಕದಿಂದ ಎಂಟರವರೆಗಿನ ಎಲೆ. ಆರು ಮುಖದ್ದಕ್ಕೆ ನಿಮ್ಮ ಲೂಡೋ ದಾಳವೇ ಇದೆ.

ಇದು ಕೈಲಾಗದವರ ಉಪಾಯ ಎಂದುಕೊಳ್ಳಬೇಡಿ. 1979ರಲ್ಲಿ ದಾಳಗಳ ಕೊರತೆಯಾದಾಗ ಆಟದ ಕಂಪನಿಯೇ ಪೆಟ್ಟಿಗೆಯಲ್ಲಿ ದಾಳದ ಬದಲು ಅಂಕೆ ಮುದ್ರಿಸಿದ ಚೀಟಿಗಳನ್ನಿಟ್ಟು ಮಾರಿತ್ತು.

ಘಟ್ಟದ ಮೇಲಿನವ:
ದಾಳದ ವಿಷಯ ಒಪ್ಪುತ್ತೇನೆ. ಆದರೆ ಮೂವರ ಎದುರು ನಾಲ್ಕು ಗಾಬ್ಲಿನ್ ಈಗಲೂ ಹೆಚ್ಚೇ. 300ರ ಗೆರೆ ಎಲ್ಲಿಗೂ ಹೋಗಿಲ್ಲ.

ಶಾಲ್ಮಲೆಯ ದಂಡೆ:
ಐದನೇ ಭಾನುವಾರದ ವರದಿ. ಎರಡು ಗಾಬ್ಲಿನ್, ತಂಬೋಲಾ ಬಿಲ್ಲೆ, ಅಜ್ಜನ ಹಿತ್ತಾಳೆ ಲೋಟ (ಸ್ಟೀಲಿನದಕ್ಕಿಂತ ಬಾಯಿ ಕಿರಿದು, ಒಳಗಿನದು ಕಾಣುವುದಿಲ್ಲ). ಖಡ್ಗಧಾರಿ ಮೊದಲ ಏಟಿಗೇ 11 ಎತ್ತಿದ, 5 ಕೂಡಿ 16. ತಾಗಿತು. ಜಗುಲಿಯಲ್ಲಿ ಎದ್ದ ಕೂಗಿಗೆ ಪಕ್ಕದ ಮನೆಯವರು ಬಂದು ನೋಡಿ ಹೋದರು.

ಆದರೂ ಮಂತ್ರವಾದಿ ಮೊದಲ ಸುತ್ತಿನಲ್ಲೇ ಬಿದ್ದಳು. ಗೆಳತಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಎರಡನೇ ಸುತ್ತಿನಿಂದ ಸಾವಿನ ಪರೀಕ್ಷೆ ಶುರುವಾಯಿತು: ಹತ್ತು ಅಥವಾ ಮೇಲೆ ಬಂದರೆ ಗೆಲುವು, ಕೆಳಗೆ ಬಂದರೆ ಸೋಲು, ಮೂರು ಸೋಲಾದರೆ ಸಾವು. ಅವಳು 6 ಎತ್ತಿದಳು. ಆಮೇಲೆ 13. ಆಮೇಲೆ 4. ಎರಡು ಸೋಲು. ಆ ಹೊತ್ತಿಗೆ ಒಂದು ಗಾಬ್ಲಿನ್ ಸತ್ತು, ಇನ್ನೊಂದು ಕಳ್ಳನ ಮೇಲೆ ಬಿದ್ದಿತ್ತು, ಅವಳ ಹತ್ತಿರ ಹೋಗುವವರು ಯಾರೂ ಇರಲಿಲ್ಲ. ಐದನೇ ಸುತ್ತಿನಲ್ಲಿ ಲೋಟವನ್ನು ಕಿವಿಯ ಹತ್ತಿರ ಹಿಡಿದು ಬಹಳ ಹೊತ್ತು ಕುಲುಕಿದಳು. ಎತ್ತಿದ್ದು 20. ಒಂದು ಹಿಟ್ ಪಾಯಿಂಟ್‌ನೊಂದಿಗೆ ಎದ್ದು ಕುಳಿತು ಬೆಂಕಿ ಎಸೆದಳು, ಅದೂ ತಾಗಿತು. ಲೂಡೋ ದಾಳಗಳಲ್ಲಿ 18ರ ಮೇಲೆ ಬರುವುದೇ ಸಾಧ್ಯವಿರಲಿಲ್ಲ ಎಂಬುದು ಆಗ ನೆನಪಾಗಿ ಮೈ ಜುಮ್ಮೆಂದಿತು.

ಮುಂದಿನ ಭಾನುವಾರ ಎರಡು ಗಂಟೆ ಬೇಗ ಬರುವುದಾಗಿ ಅವಳೇ ಹೇಳಿದ್ದಾಳೆ. ಘಟ್ಟ ಇಳಿದಾಯಿತು, ಇನ್ನು ಅಘನಾಶಿನಿಯನ್ನು ದಾಟಬೇಕು, ಹೊಳೆ ತುಂಬಿದೆ. ಎತ್ತುಗಳನ್ನು ದೋಣಿಗೆ ಹತ್ತಿಸಲು ಯಾವ ಪರೀಕ್ಷೆ ಇಡಲಿ, ಬಲದ್ದೋ, ಪ್ರಾಣಿ ಪಳಗಿಸುವುದೋ?

ಕೋಡಿಬಾಗ:
ಪ್ರಾಣಿ ಪಳಗಿಸುವುದು, ವಿವೇಕದ ಮಾಡಿಫೈಯರ್ ಕೂಡಿಸಿ. ಗುರಿ 13 ಇಡಿ.

ಬೇಲೆಕೇರಿ ಬಂದರು:
ತುಂಬಿದ ಹೊಳೆಯಲ್ಲಿ ಯಾರೂ ಎತ್ತನ್ನು ದೋಣಿಗೆ ಹತ್ತಿಸುವುದಿಲ್ಲ. ಮೂಟೆಗಳನ್ನು ದೋಣಿಗೆ ಹಾಕಿ, ಎತ್ತುಗಳನ್ನು ಈಜಿಸಿ. ಎರಡು ಬೇರೆ ಬೇರೆ ಪರೀಕ್ಷೆ.