ಡೆಲವೇರ್ ಎಲ್‌ಎಲ್‌ಸಿ, ವ್ಯಾಪಾರ ಟೆಕ್ಸಾಸ್‌ನಲ್ಲಿ: ರಿಜಿಸ್ಟರ್ಡ್ ಏಜೆಂಟ್ ಬದಲಾಯಿಸೋದು ಹೇಗೆ?

ಫ್ರಿಸ್ಕೋ_ಫಿಲ್ಟರ್‌ಕಾಫಿ ಕೇಳಿದ್ದು:

ಇಬ್ಬರು ಪಾಲುದಾರರ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ). ನೋಂದಣಿ ಆಗಿದ್ದು ಡೆಲವೇರ್‌ನಲ್ಲಿ, ಕೆಲಸ ಪೂರ್ತಿ ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ. ಹಾಗಾಗಿ ಟೆಕ್ಸಾಸ್‌ನಲ್ಲೂ ಫಾರಿನ್, ಅಂದರೆ ಹೊರರಾಜ್ಯದ, ಎಲ್‌ಎಲ್‌ಸಿ ಅಂತ ರಿಜಿಸ್ಟರ್ ಆಗಿದೆ. ಎರಡೂ ಕಡೆ ಒಂದೇ ಕಂಪನಿ ರಿಜಿಸ್ಟರ್ಡ್ ಏಜೆಂಟ್ (ನಮ್ಮ ಪರವಾಗಿ ಕೋರ್ಟಿನ, ಸರ್ಕಾರದ ಕಾಗದ ತೆಗೆದುಕೊಳ್ಳುವವರು). ರಿನ್ಯೂವಲ್ ಏಪ್ರಿಲ್ ಕೊನೆಗೆ, ಈ ಸಲದ ಬಿಲ್ ಮೊದಲ ವರ್ಷದ ದುಪ್ಪಟ್ಟಿಗಿಂತ ಹೆಚ್ಚಿದೆ. ಒಬ್ಬ ಪಾಲುದಾರರು ಈಗ ಬೆಂಗಳೂರಿಗೆ ವಾಪಸ್ ಹೋಗಿದ್ದಾರೆ, ಇನ್ನೊಬ್ಬನಾದ ನಾನು ಇಲ್ಲೇ ಇದ್ದೇನೆ.

ಟೆಕ್ಸಾಸ್‌ಗೆ ನಾನೇ ಏಜೆಂಟ್ ಆಗಬಹುದೇ? ಡೆಲವೇರ್‌ಗೆ ಏನು ಮಾಡಬೇಕು? ಮೊದಲು ಹಳೆಯವರಿಗೆ ಬೇಡ ಅಂತ ಹೇಳೋದೋ, ಮೊದಲು ಫೈಲ್ ಮಾಡೋದೋ? ಮೇ ತಿಂಗಳ ಫ್ರಾಂಚೈಸ್ ಟ್ಯಾಕ್ಸ್ ರಿಪೋರ್ಟ್‌ನಲ್ಲೇ ಹೊಸ ಹೆಸರು ಹಾಕಿದರೆ ಕೆಲಸ ಮುಗಿಯುತ್ತದೆ ಅಂತ ಒಬ್ಬರು ಹೇಳಿದರು, ನಿಜವೇ?

ಲೆಕ್ಕದ_ಪುಸ್ತಕ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಅಲ್ಲ. ರಿಪೋರ್ಟ್ ಜೊತೆ ಹೋಗುವ ಪಬ್ಲಿಕ್ ಇನ್ಫರ್ಮೇಷನ್ ರಿಪೋರ್ಟ್‌ನಲ್ಲಿ ರಿಜಿಸ್ಟರ್ಡ್ ಏಜೆಂಟ್ ಹೆಸರಿನ ಜಾಗ ಇದೆ, ಅದನ್ನು ನೋಡಿಯೇ ಎಲ್ಲರೂ ಮೋಸ ಹೋಗುವುದು. ಆ ರಿಪೋರ್ಟ್ ಹೋಗುವುದು ರಾಜ್ಯದ ತೆರಿಗೆ ನೋಡುವ ಕಂಟ್ರೋಲರ್ ಕಚೇರಿಗೆ. ಏಜೆಂಟ್ ದಾಖಲೆ ಇರುವುದು ಕಂಪನಿ ನೋಂದಣಿ ನೋಡುವ ಸೆಕ್ರೆಟರಿ ಆಫ್ ಸ್ಟೇಟ್ ಹತ್ತಿರ. ಬದಲಾಯಿಸಬೇಕಾದರೆ ಅಲ್ಲಿಗೇ ಬೇರೆ ಅರ್ಜಿ ಹಾಕಬೇಕು ಅಂತ ಆ ಫಾರ್ಮಿನಲ್ಲೇ ಬರೆದಿರುತ್ತದೆ, ಸಣ್ಣ ಅಕ್ಷರ ಅಂತ ಯಾರೂ ಓದುವುದಿಲ್ಲ.

ಈಗ ಕ್ರಮ. ಹಳೆಯವರಿಗೆ ಸದ್ಯಕ್ಕೆ ಏನೂ ಹೇಳಬೇಡಿ. ಹೊಸ ಏಜೆಂಟ್ ಒಪ್ಪಬೇಕು, ಎರಡೂ ರಾಜ್ಯದಲ್ಲಿ ಫೈಲ್ ಆಗಬೇಕು, ಫೈಲ್ ಆದ ಪ್ರತಿ ಕೈಗೆ ಬರಬೇಕು, ಆಮೇಲೆ ಹಳೆಯ ಸೇವೆ ನಿಲ್ಲಿಸುವುದು. ತಿರುಗಾಮುರುಗಾ ಮಾಡಿದರೆ ಹಳೆಯ ಕಂಪನಿ ತಾನೇ ರಾಜೀನಾಮೆ ಫೈಲ್ ಮಾಡಬಹುದು. ಡೆಲವೇರ್‌ನಲ್ಲಿ ಹಾಗೆ ರಾಜೀನಾಮೆ ಬಿದ್ದರೆ ನಿಮಗಿರುವುದು 30 ದಿನ. ಅಷ್ಟರಲ್ಲಿ ಹೊಸಬರನ್ನು ನೇಮಿಸದಿದ್ದರೆ ಎಲ್‌ಎಲ್‌ಸಿಯ ಸರ್ಟಿಫಿಕೇಟ್ ಆಫ್ ಫಾರ್ಮೇಷನ್ನೇ (ಕಂಪನಿ ಹುಟ್ಟುಹಾಕಿದ ಪತ್ರ) ರದ್ದು. ಟೆಕ್ಸಾಸ್‌ನಲ್ಲಿ ರಾಜೀನಾಮೆ ಜಾರಿಯಾಗುವುದು ಫೈಲ್ ಮಾಡಿದ 31ನೇ ದಿನ.

ಟೆಕ್ಸಾಸ್: ಫಾರ್ಮ್ 401. ಶುಲ್ಕ 15 ಡಾಲರ್. ಟೆಕ್ಸಾಸ್‌ನಲ್ಲೇ ಹುಟ್ಟಿದ ಕಂಪನಿಗೂ ಹೊರರಾಜ್ಯದ್ದಕ್ಕೂ ಇದೇ ಫಾರ್ಮ್. ಆನ್‌ಲೈನ್‌ನಲ್ಲೂ ಹಾಕಬಹುದು. ತುಂಬುವ ಮುಂಚೆ ಕಂಟ್ರೋಲರ್ ವೆಬ್‌ಸೈಟಿನ ಫ್ರಾಂಚೈಸ್ ಟ್ಯಾಕ್ಸ್ ಅಕೌಂಟ್ ಸ್ಟೇಟಸ್ ಸರ್ಚ್‌ನಲ್ಲಿ ನಿಮ್ಮ ಕಂಪನಿ ಹುಡುಕಿ, ಅದಕ್ಕೆ ದುಡ್ಡಿಲ್ಲ. ಅಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಫೈಲ್ ನಂಬರ್, ಈಗಿನ ಏಜೆಂಟ್ ಹೆಸರು, ವಿಳಾಸ ಎಲ್ಲ ಸಿಗುತ್ತದೆ. ಅದನ್ನು ಅಕ್ಷರ ತಪ್ಪದೆ ಹಾಗೇ ಇಳಿಸಿಕೊಳ್ಳಿ, "ಎಲ್‌ಎಲ್‌ಸಿ" ಮುಂಚಿನ ಅಲ್ಪವಿರಾಮ ಸಮೇತ. ಅರ್ಹತೆಯ ಸ್ಥಿತಿ "ಆಕ್ಟಿವ್" ಅಂತ ಇದೆಯೋ ಇಲ್ಲವೋ ಅದೂ ಅಲ್ಲೇ ಕಾಣುತ್ತದೆ.

ಒಪ್ಪಿಗೆ ವಿಷಯ: ಹೊಸ ಏಜೆಂಟ್ ಬರಹದಲ್ಲಿ ಒಪ್ಪಿರಬೇಕು, ಇದು 2010ರ ಜನವರಿ 1ರಿಂದ ಇರುವ ನಿಯಮ. ಫಾರ್ಮ್ 401-ಎ ಇರುವುದು ಅದಕ್ಕೇ. ಅದನ್ನು ಕಳಿಸಬೇಕಿಲ್ಲ, ಸಹಿ ಹಾಕಿಸಿ ಕಂಪನಿಯ ಕಡತದಲ್ಲಿ ಇಟ್ಟುಕೊಂಡರೆ ಸಾಕು. ನೀವೇ ಏಜೆಂಟ್ ಆದರೂ ಒಂದು ಪ್ರತಿ ಬರೆದಿಡಿ. ಇನ್ನೊಂದು, ಏಜೆಂಟ್ ಜಾಗದಲ್ಲಿ ಕಂಪನಿಯ ಹೆಸರನ್ನೇ ಬರೆಯಬೇಡಿ. ಕಂಪನಿ ತನಗೆ ತಾನೇ ಏಜೆಂಟ್ ಆಗುವ ಹಾಗಿಲ್ಲ, ನಿಮ್ಮ ವೈಯಕ್ತಿಕ ಹೆಸರು ಬರಬೇಕು.

ಡೆಲವೇರ್: ಏಜೆಂಟ್ ಮಾತ್ರ ಬದಲಾಯಿಸುವ ಒಂದು ಪುಟದ ತಿದ್ದುಪಡಿ ಪತ್ರ ಇದೆ, ಶುಲ್ಕ 50 ಡಾಲರ್. ಅಪ್ಪಿತಪ್ಪಿ ಸಾಮಾನ್ಯ ತಿದ್ದುಪಡಿಯ ಫಾರ್ಮ್ ಇಳಿಸಿಕೊಳ್ಳಬೇಡಿ, ಅದರ ಶುಲ್ಕ ಇದಕ್ಕಿಂತ ಬಹಳ ಹೆಚ್ಚು. ನೀವು ಫ್ರಿಸ್ಕೋದಲ್ಲಿ ಕೂತು ಡೆಲವೇರ್‌ಗೆ ಏಜೆಂಟ್ ಆಗಲು ಆಗುವುದಿಲ್ಲ, ಅಲ್ಲಿ ನಿಮ್ಮವರು ಯಾರೂ ಇಲ್ಲದಿದ್ದರೆ ದುಡ್ಡು ಕೊಟ್ಟು ಬೇರೆ ಕಂಪನಿ ಹಿಡಿಯಲೇಬೇಕು. ಬಹಳಷ್ಟು ಕಂಪನಿಗಳು ಹೊಸ ಗಿರಾಕಿ ಬಂದಾಗ ಈ ಪತ್ರವನ್ನು ತಾವೇ ತುಂಬಿ ಹಾಕುತ್ತವೆ. 50 ಡಾಲರ್ ಅವರ ದರದಲ್ಲಿ ಸೇರಿದೆಯೋ ಬೇರೆಯೋ ಕೇಳಿಕೊಳ್ಳಿ. ಎರಡನೇ ವರ್ಷದ ದರ ಎಷ್ಟು ಅಂತಲೂ ಈಗಲೇ ಕೇಳಿ, ಇಲ್ಲದಿದ್ದರೆ ಮುಂದಿನ ಏಪ್ರಿಲ್‌ಗೆ ಇದೇ ಪ್ರಶ್ನೆ ಮತ್ತೆ ಬರೆಯುತ್ತೀರಿ.

ಜಯನಗರ_ಟು_ಜೆರ್ಸಿ:

ಲೆಕ್ಕದ ಪುಸ್ತಕ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಡೆಲವೇರ್ ಎಲ್‌ಎಲ್‌ಸಿಗೆ ವಾರ್ಷಿಕ ರಿಪೋರ್ಟ್ ಇಲ್ಲ, 300 ಡಾಲರ್ ವಾರ್ಷಿಕ ತೆರಿಗೆ ಮಾತ್ರ, ಕೊನೆ ದಿನ ಜೂನ್ 1. ಅದರ ನೆನಪೋಲೆ ಹೋಗುವುದು ನಿಮ್ಮ ಮನೆಗಲ್ಲ, ರಿಜಿಸ್ಟರ್ಡ್ ಏಜೆಂಟ್‌ಗೆ. ನೀವು ಬದಲಾಯಿಸುತ್ತಿರುವುದು ಅದಕ್ಕೆ ಸ್ವಲ್ಪ ಮುಂಚೆ. ಓಲೆ ಹಳೆಯವರ ಕೈಗೆ ಹೋಗಿ ಅಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ. ಓಲೆ ಬರಲಿಲ್ಲ ಅನ್ನುವುದು ಅಲ್ಲಿ ನೆಪ ಆಗುವುದಿಲ್ಲ: 200 ಡಾಲರ್ ದಂಡ, ಮೇಲೆ ತಿಂಗಳಿಗೆ ಶೇ. 1.5 ಬಡ್ಡಿ. ಫೈಲ್ ನಂಬರ್ ಇಟ್ಟುಕೊಂಡು ರಾಜ್ಯದ ವೆಬ್‌ಸೈಟಿನಲ್ಲೇ ಕಟ್ಟಿಬಿಡಿ.

ಹಿಂದಿನ ವರ್ಷದ್ದು ಬಾಕಿ ಇದ್ದರೆ ಅದನ್ನು ಮೊದಲು ತೀರಿಸಿ. ತೆರಿಗೆ ಕಟ್ಟದೆ ಗುಡ್ ಸ್ಟ್ಯಾಂಡಿಂಗ್ (ಬಾಕಿ ಇಲ್ಲದ ಸುಸ್ಥಿತಿ) ಹೋಗಿದ್ದರೆ ಡೆಲವೇರ್ ನಿಮ್ಮ ಏಜೆಂಟ್ ಬದಲಾವಣೆಯ ಪತ್ರವನ್ನೂ ತೆಗೆದುಕೊಳ್ಳುವುದಿಲ್ಲ.

ಫ್ರಿಸ್ಕೋ_ಫಿಲ್ಟರ್‌ಕಾಫಿ:

ಇಬ್ಬರಿಗೂ ಧನ್ಯವಾದ. ತೆರಿಗೆ ಬಾಕಿ ಇಲ್ಲ, ಸ್ಥಿತಿ ಆಕ್ಟಿವ್ ಅಂತಲೇ ತೋರಿಸುತ್ತಿದೆ. ಎರಡು ಅನುಮಾನ. ಮನೆ ವಿಳಾಸ ಕೊಡುವ ಬದಲು ನಮ್ಮ ಪ್ರೈವೇಟ್ ಮೇಲ್‌ಬಾಕ್ಸ್ ವಿಳಾಸ ಕೊಡಬಹುದೇ? ಅದಕ್ಕೂ ಬೀದಿ ಹೆಸರು, ನಂಬರ್ ಎಲ್ಲ ಇದೆ. ಇನ್ನೊಂದು, ಡಿಸೆಂಬರ್-ಜನವರಿಯಲ್ಲಿ ಆರು ವಾರ ಊರಿಗೆ ಹೋಗುವುದಿದೆ. ತೊಂದರೆ ಆಗುತ್ತದೆಯೇ?

ಲೆಕ್ಕದ_ಪುಸ್ತಕ:

ಮೇಲ್‌ಬಾಕ್ಸ್ ಆಗುವುದಿಲ್ಲ. ಕಾನೂನು ಕೇಳುವುದು ಏಜೆಂಟ್ ಕೈಗೆ ಕಾಗದ ಕೊಡಬಹುದಾದ ಜಾಗ. ಬರೀ ಮೇಲ್‌ಬಾಕ್ಸ್ ಅಥವಾ ಫೋನ್ ಎತ್ತುವ ಸೇವೆ ಇರುವ ಜಾಗ ರಿಜಿಸ್ಟರ್ಡ್ ಆಫೀಸ್ ಆಗಬಾರದು ಅಂತ ಟೆಕ್ಸಾಸ್ ಸ್ಪಷ್ಟವಾಗಿ ಹೇಳಿದೆ. ಬೀದಿ ಹೆಸರು ನೋಡಿ ಫಾರ್ಮ್ ಪಾಸಾಗಿಬಿಡಬಹುದು, ತಕರಾರು ಬರುವುದು ಆಮೇಲೆ, ಕೋರ್ಟಿನಲ್ಲಿ. ಮನೆ ವಿಳಾಸ ಕೊಟ್ಟರೆ ಅದು ಸಾರ್ವಜನಿಕ ದಾಖಲೆ. ಮುಂದೆ ಏಜೆಂಟ್ ತೆಗೆದರೂ ಹಳೆಯ ಫೈಲಿಂಗ್‌ನಲ್ಲಿ ಉಳಿದೇ ಇರುತ್ತದೆ. ಸರ್ಕಾರದ್ದೇ ಅನ್ನಿಸುವ ಹಾಗೆ ಮುದ್ರಿಸಿದ "ನಿಮ್ಮ ಸರ್ಟಿಫಿಕೇಟಿಗೆ ಇಷ್ಟು ಕಟ್ಟಿ" ಕಾಗದಗಳು ಶುರುವಾಗುತ್ತವೆ, ಅವನ್ನು ಕಸಕ್ಕೆ ಹಾಕಿ.

ದಾವೆ_ಗೊತ್ತು:

ಆರು ವಾರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಜೆಂಟ್ ಇರುವುದೇ ಇದಕ್ಕೆ.

ಟೆಕ್ಸಾಸ್‌ನ ಡಿಸ್ಟ್ರಿಕ್ಟ್ ಮತ್ತು ಕೌಂಟಿ ಕೋರ್ಟಿನಲ್ಲಿ ದಾವೆ ಬಿದ್ದರೆ, ಸಮನ್ಸ್ ಕೈಗೆ ಬಂದ ಮೇಲೆ 20 ದಿನ ಕಳೆದು ಬರುವ ಸೋಮವಾರ ಬೆಳಿಗ್ಗೆ 10 ಗಂಟೆಯೊಳಗೆ ಉತ್ತರ ಸಲ್ಲಿಸಬೇಕು. ಸಣ್ಣ ವ್ಯಾಪಾರದ ಜಗಳಗಳು ಹೆಚ್ಚಾಗಿ ಹೋಗುವುದು ಜಸ್ಟಿಸ್ ಕೋರ್ಟಿಗೆ, 20,000 ಡಾಲರ್‌ವರೆಗಿನವು. ಅಲ್ಲಿ 14 ದಿನ ಮಾತ್ರ. ಫೆಡರಲ್ ಕೋರ್ಟಾದರೆ 21 ದಿನ. ನಿಮ್ಮ ಆರು ವಾರ ಅಂದರೆ 42 ದಿನ, ನೀವೇ ಲೆಕ್ಕ ಹಾಕಿ.

ಬಾಗಿಲು ತಟ್ಟಿದವನಿಗೆ ಯಾರೂ ಸಿಗದಿದ್ದರೆ ಅವನು ಸುಮ್ಮನೆ ವಾಪಸ್ ಹೋಗುತ್ತಾನೆ ಅಂದುಕೊಳ್ಳಬೇಡಿ. ತಕ್ಕ ಪ್ರಯತ್ನ ಮಾಡಿಯೂ ಏಜೆಂಟ್ ಸಿಗಲಿಲ್ಲ ಅಂತಾದರೆ ಸೆಕ್ರೆಟರಿ ಆಫ್ ಸ್ಟೇಟೇ ನಿಮ್ಮ ಪರವಾಗಿ ಸಮನ್ಸ್ ಸ್ವೀಕರಿಸಬಹುದು. ಅಲ್ಲಿಗೆ ಕೊಟ್ಟರೆ ನಿಮಗೆ ಕೊಟ್ಟ ಹಾಗೆಯೇ. ಅವರು ಅದನ್ನು ದಾಖಲೆಯಲ್ಲಿರುವ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತಾರೆ, ನೀವು ಬಸವನಗುಡಿಯಲ್ಲಿ ಮದುವೆ ಊಟದಲ್ಲಿರುತ್ತೀರಿ. ವಾಪಸ್ ಬರುವಷ್ಟರಲ್ಲಿ ನೀವಿಲ್ಲದೆಯೇ ಎಕ್ಸ್‌ಪಾರ್ಟೆ ತೀರ್ಪು ಆಗಿರಬಹುದು. ಅದನ್ನು ತೆಗೆಸಲು ವಕೀಲರಿಗೆ ಕೊಡುವ ದುಡ್ಡಿನಲ್ಲಿ ಎಷ್ಟೋ ವರ್ಷದ ಏಜೆಂಟ್ ಬಿಲ್ ಕಟ್ಟಬಹುದು.

ಹಾಗಾಗಿ ನನ್ನ ಅಭಿಪ್ರಾಯ: ವರ್ಷಕ್ಕೊಮ್ಮೆ ಊರಿಗೆ ಹೋಗುವವರು, ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವವರು, ಬಾಡಿಗೆ ಮನೆ ಬದಲಿಸುತ್ತಿರುವವರು ತಾವೇ ಏಜೆಂಟ್ ಆಗಬಾರದು. ಮನೆ ಬದಲಿಸಿದಾಗೆಲ್ಲ ಮತ್ತೆ 401, ಮತ್ತೆ 15 ಡಾಲರ್. ದುಡ್ಡು ದೊಡ್ಡದಲ್ಲ, ಮರೆಯುವುದೇ ದೊಡ್ಡದು. ಪ್ಲೇನೋದಲ್ಲಿ ಅಂಗಡಿ ಇರುವ ಸ್ನೇಹಿತರು ಒಪ್ಪಿದರೆ ಅವರನ್ನು ನೇಮಿಸಬಹುದು, ಟೆಕ್ಸಾಸ್ ನಿವಾಸಿ ಆಗಿದ್ದು ಲಿಖಿತ ಒಪ್ಪಿಗೆ ಕೊಟ್ಟರೆ ಸಾಕು. ಆದರೆ ಅವರಿಗೆ ಮೊದಲೇ ಹೇಳಿ: ಕಾಗದ ಬಂದ ದಿನವೇ ಫೋಟೊ ತೆಗೆದು ಕಳಿಸಬೇಕು, ವಾರಾಂತ್ಯಕ್ಕೆ ಸಿಕ್ಕಾಗ ಕೊಡ್ತೀನಿ ಅನ್ನುವ ಹಾಗಿಲ್ಲ. ಬೆಂಗಳೂರಿನ ಪಾಲುದಾರರು ಯಾವ ರಾಜ್ಯಕ್ಕೂ ಆಗುವುದಿಲ್ಲ.

ಮೈಸೂರ್_ಬೋಂಡ:

ನಮ್ಮ ಕಡೆ ಕಂಪನಿಗೆ ರಿಜಿಸ್ಟರ್ಡ್ ಆಫೀಸ್ ಇದ್ದರೆ ಸಾಕು, ಬದಲಾಯಿಸಿದರೆ ಐಎನ್‌ಸಿ-22 ಹಾಕಿ ಮುಗಿಸುತ್ತಿದ್ದೆವು. ಇಲ್ಲಿ ಮಧ್ಯೆ ಒಬ್ಬ ಮನುಷ್ಯ ಬೇರೆ! ತಮ್ಮನ ಎಲ್‌ಎಲ್‌ಸಿ ಸ್ಯಾನ್ ಹೋಸೆಯಲ್ಲಿದೆ, ಕ್ಯಾಲಿಫೋರ್ನಿಯಾದಲ್ಲೂ ಇಂಥದೇ ಫಾರ್ಮಾ?

ಜಯನಗರ_ಟು_ಜೆರ್ಸಿ:

ಅಲ್ಲಿ ದಾರಿ ಬೇರೆ. ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಷನ್‌ನಲ್ಲೇ ಏಜೆಂಟ್ ಬದಲಾಯಿಸುವುದು, ರಾಜ್ಯದ ಬಿಜ್‌ಫೈಲ್ ಆನ್‌ಲೈನ್‌ ವೆಬ್‌ಸೈಟಿನಲ್ಲಿ. ಎಲ್‌ಎಲ್‌ಸಿ ಎರಡು ವರ್ಷಕ್ಕೊಮ್ಮೆ ಹಾಕುವ ಸ್ಟೇಟ್‌ಮೆಂಟ್‌ಗೆ 20 ಡಾಲರ್. ಆ ಅವಧಿಯ ಮಧ್ಯೆ ತಿದ್ದಿದರೆ ಶುಲ್ಕವಿಲ್ಲ. ಅಲ್ಲಿ ಹುಡುಕುವಾಗ "ಏಜೆಂಟ್ ಫಾರ್ ಸರ್ವಿಸ್ ಆಫ್ ಪ್ರೊಸೆಸ್" ಅಂತ ಹುಡುಕಲಿ, ಅದೇ ಇದು. ಟೆಕ್ಸಾಸ್‌ನಲ್ಲಿ ರಿಪೋರ್ಟ್‌ನಲ್ಲಿ ಬದಲಾಯಿಸಬಹುದು ಅನ್ನುವ ತಪ್ಪು ಕಲ್ಪನೆ ಬಹುಶಃ ಕ್ಯಾಲಿಫೋರ್ನಿಯಾದಿಂದ ಬಂದವರಿಂದಲೇ ಹರಡಿದ್ದು.

ಲೆಕ್ಕದ_ಪುಸ್ತಕ:

ಫಿಲ್ಟರ್‌ಕಾಫಿ ಅವರೇ, ಫೈಲ್ ಮಾಡಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಹಳೆಯ ಏಜೆಂಟ್ ವಿಳಾಸವನ್ನು ಬೇರೆಲ್ಲಿ ಬಳಸಿದ್ದೀರಿ ನೋಡಿ. ಇಐಎನ್ (ಕಂಪನಿಯ ಫೆಡರಲ್ ತೆರಿಗೆ ಸಂಖ್ಯೆ) ತೆಗೆಯುವಾಗ ಅಂಚೆ ವಿಳಾಸ ಅಂತ ಡೆಲವೇರ್ ಏಜೆಂಟ್ ವಿಳಾಸ ಕೊಟ್ಟವರು ಬಹಳ ಜನ. ಸೇವೆ ನಿಂತ ದಿನದಿಂದ ಐಆರ್‌ಎಸ್ (ಫೆಡರಲ್ ತೆರಿಗೆ ಇಲಾಖೆ) ಕಾಗದ ಅಲ್ಲಿಗೇ ಹೋಗಿ ಬೀಳುತ್ತದೆ, ನಿಮಗೆ ಮುಟ್ಟುವುದಿಲ್ಲ. ಹಾಗಿದ್ದರೆ ವಿಳಾಸ ಬದಲಾವಣೆಯ ಫಾರ್ಮ್ 8822-ಬಿ ಅಂಚೆಯಲ್ಲಿ ಕಳಿಸಿ, ದಾಖಲಾಗಲು 4ರಿಂದ 6 ವಾರ. ಏಜೆಂಟ್ ಬದಲಾದದ್ದಕ್ಕಷ್ಟೇ ಐಆರ್‌ಎಸ್‌ಗೆ ಹೇಳಬೇಕಿಲ್ಲ. ಆದರೆ ರೆಸ್ಪಾನ್ಸಿಬಲ್ ಪಾರ್ಟಿ (ಕಂಪನಿ ನಿಯಂತ್ರಿಸುವ ವ್ಯಕ್ತಿ) ಅಂತ ಬೆಂಗಳೂರಿಗೆ ಹೋದ ಪಾಲುದಾರರ ಹೆಸರಿದ್ದು, ಈಗ ಅದನ್ನೂ ಬದಲಾಯಿಸಿದರೆ ಬದಲಾದ 60 ದಿನದೊಳಗೆ ಇದೇ ಫಾರ್ಮ್‌ನಲ್ಲಿ ತಿಳಿಸಬೇಕು.

ಬ್ಯಾಂಕ್, ವಿಮೆ, ಸೇಲ್ಸ್ ಟ್ಯಾಕ್ಸ್ ಪರ್ಮಿಟ್ ಕೂಡ ನೋಡಿ. ಆಪರೇಟಿಂಗ್ ಅಗ್ರಿಮೆಂಟ್‌ನಲ್ಲಿ (ಪಾಲುದಾರರ ಒಪ್ಪಂದ) ಏಜೆಂಟ್ ಹೆಸರು ಬರೆದಿದ್ದರೆ ಇಬ್ಬರೂ ಸಹಿ ಹಾಕಿ ಅರ್ಧ ಪುಟದ ತಿದ್ದುಪಡಿ ಸೇರಿಸಿ.

ಕೊನೆಗೆ ಹಳೆಯ ಕಂಪನಿ. ಎರಡೂ ರಾಜ್ಯದ ಫೈಲ್ ಆದ ಪ್ರತಿಗಳನ್ನು ಲಗತ್ತಿಸಿ ಇಮೇಲ್‌ನಲ್ಲೇ ರದ್ದು ಮಾಡಲು ಹೇಳಿ, ಫೋನ್‌ನಲ್ಲಿ ಬೇಡ. ಆಟೋ ರಿನ್ಯೂವಲ್‌ಗೆ ಎಷ್ಟು ದಿನ ಮುಂಚೆ ತಿಳಿಸಬೇಕು ಅಂತ ಅವರ ಒಪ್ಪಂದದಲ್ಲಿ ಇಂದೇ ನೋಡಿ. ಏಪ್ರಿಲ್ ಕೊನೆ ಅಂದಿರಿ. ಅದು 30 ದಿನ ಅಂತಿದ್ದರೆ ಎರಡೂ ಫೈಲಿಂಗ್ ಮಾರ್ಚ್ ಮಧ್ಯಕ್ಕೇ ಹೋಗಿರಬೇಕು. ಅವರ ಪೋರ್ಟಲ್‌ನಲ್ಲಿರುವ ಹಳೆಯ ಸ್ಕ್ಯಾನ್‌ಗಳನ್ನೆಲ್ಲ ಅಕೌಂಟ್ ಮುಚ್ಚುವ ಮುಂಚೆ ಇಳಿಸಿಕೊಳ್ಳಿ.

ಫ್ರಿಸ್ಕೋ_ಫಿಲ್ಟರ್‌ಕಾಫಿ:

ನೋಡಿದೆ, ಒಪ್ಪಂದದಲ್ಲಿ 30 ದಿನ ಅಂತಲೇ ಇದೆ. ಇಐಎನ್ ಪತ್ರದಲ್ಲೂ ಡೆಲವೇರ್ ವಿಳಾಸವೇ. ಎರಡೂ ರಾಜ್ಯಕ್ಕೆ ಬೇರೆ ಕಂಪನಿ ಹಿಡಿದು, 401 ಈ ವಾರವೇ ಹಾಕುತ್ತೇನೆ, 8822-ಬಿ ಕೂಡ.