ಜೇನು ನೆಕ್ಕಿಸಬಹುದಾ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಕಳೆದ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ತೀರ್ಥಹಳ್ಳಿ ದೊಡ್ಡಪ್ಪ ಉದ್ದನೆಯ ಫಾರ್ವರ್ಡ್ ಒಂದನ್ನು ಹಾಕಿದರು. 'ಹಸುಗೂಸಿನಿಂದ ಹದಿಹರೆಯದವರೆಗೆ: ಮಕ್ಕಳನ್ನು ಬೆಳೆಸಲು ಹಿರಿಯರ 15 ಸೂತ್ರಗಳು.' ಮೇಲೆ ಎರಡು ಬಾಣದ ಗುರುತು ಇತ್ತು. ಅಂದರೆ ಎಷ್ಟೋ ಕೈ ದಾಟಿ ಬಂದದ್ದು. ಅದರ ಕೆಳಗೆ ದೊಡ್ಡಪ್ಪನ ಸ್ವಂತ ಮಾತು ಒಂದೇ ಸಾಲು: 'ಈಗಿನ ಅಪ್ಪ ಅಮ್ಮಂದಿರು 9ನೇದನ್ನು ಎರಡು ಸಲ ಓದಬೇಕು.'

9ನೇದು ಮೊಬೈಲಿನ ವಿಷಯ. ಊಟ ಮಾಡಿಸುವಾಗ ಮಗುವಿನ ಕೈಗೆ ಮೊಬೈಲ್ ಕೊಡಬೇಡಿ ಅಂತ. ಇದು ಯಾರಿಗೆ ಹೇಳಿದ್ದು ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತಾಯಿತು. ದೊಡ್ಡಪ್ಪನ ಮೊಮ್ಮಗ ಪುಣೆಯಲ್ಲಿದ್ದಾನೆ. ಒಂದೂವರೆ ವರ್ಷದವನು. ಯುಗಾದಿಗೆ ಬಂದಾಗ ಕಾರ್ಟೂನ್ ಹಾಕದೆ ಒಂದು ತುತ್ತೂ ನುಂಗಲಿಲ್ಲ. ದೊಡ್ಡಪ್ಪ ಆಗ ಏನೂ ಅನ್ನಲಿಲ್ಲ, ಚಿಂತೆ ಮಾತ್ರ ಮನಸ್ಸಿನಲ್ಲೇ ಕೂತಿತ್ತು. ಅವರ ಚಿಂತೆ ಸರಿಯಾದದ್ದೇ. ಎರಡು ವರ್ಷ ತುಂಬುವವರೆಗೆ ಮಗುವಿಗೆ ಮೊಬೈಲು, ಟಿವಿ ಯಾವುದೂ ಬೇಡ ಅಂತ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹೇಳುತ್ತದೆ. ಅಜ್ಜ ಅಜ್ಜಿಗೆ ಅಪರೂಪಕ್ಕೆ ವಿಡಿಯೋ ಕಾಲ್ ಮಾಡುವುದಕ್ಕಷ್ಟೇ ವಿನಾಯಿತಿ. ಇದನ್ನೇ ಮಗನಿಗೆ ಫೋನ್ ಮಾಡಿ ಮೆಲ್ಲಗೆ ಹೇಳಬಹುದಿತ್ತು. 43 ಜನರ ಮುಂದೆ ಹೇಳಿದರು.

ಮೊದಲು ಮಾತಾಡಿದವನು ನನ್ನ ಅಣ್ಣ. 'ಮೂಲ ಯಾವುದು ದೊಡ್ಡಪ್ಪ? ಯಾವ ಡಾಕ್ಟರು ಬರೆದದ್ದು?' ಅವನು ಬೆಂಗಳೂರಿನಲ್ಲಿ ಎಂಜಿನಿಯರ್. ಯಾವ ಫಾರ್ವರ್ಡ್ ಬಂದರೂ ಅವನ ಮೊದಲ ಪ್ರಶ್ನೆ ಇದೇ. ದೊಡ್ಡಪ್ಪ ನಿವೃತ್ತ ಹೆಡ್‌ಮಾಸ್ಟರು. ಎದುರು ಪ್ರಶ್ನೆ ಕೇಳಿಸಿಕೊಂಡು ಅವರಿಗೆ ಅಭ್ಯಾಸ ಇಲ್ಲ. 'ನನಗೆ 76 ವರ್ಷ. ಅದೇ ಮೂಲ' ಅಂತ ಬರೆದರು. ಅಣ್ಣ ಸುಮ್ಮನಿರಬೇಕಿತ್ತು. 'ಕೊರೊನಾ ಹೊತ್ತಲ್ಲಿ ಕಷಾಯದ ಫಾರ್ವರ್ಡಿಗೂ ಇದನ್ನೇ ಹೇಳಿದ್ರಿ' ಅಂದುಬಿಟ್ಟ. ಆ ಸಲ ದೊಡ್ಡಪ್ಪ ಗುಂಪು ಬಿಟ್ಟು ಹೋಗಿದ್ದರು. ಎರಡು ತಿಂಗಳು ಬೇಡಿಕೊಂಡ ಮೇಲೆ ವಾಪಸ್ ಬಂದದ್ದು. ಅಲ್ಲಿಂದ ಮಾತು 15 ಸೂತ್ರ ಬಿಟ್ಟು ಬೇರೆ ಕಡೆ ಹೋಯಿತು. ಹಿರಿಯರ ಹತ್ತಿರ ಹೀಗಾ ಮಾತಾಡೋದು ಅಂತ ನಾಲ್ಕು ಜನ. ಪ್ರಶ್ನೆ ಕೇಳೋದು ತಪ್ಪಾ ಅಂತ ಮೂರು ಜನ.

ಅಣ್ಣನ ಬಗ್ಗೆ ನನಗೆ ಬೇಜಾರಿರುವುದು ಒಂದೇ ಕಾರಣಕ್ಕೆ. ಹದಿನೈದಕ್ಕೂ ಸೇರಿಸಿ ಅವನು ಮೂಲ ಕೇಳಿದ. ಕೂತು ಓದಿದ್ದರೆ ಜಗಳಕ್ಕೆ ಯೋಗ್ಯವಾದದ್ದು ಅಲ್ಲಿ ಯಾವುದು ಅಂತ ಕಾಣುತ್ತಿತ್ತು. 1ನೇದರಲ್ಲಿ ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೆಯಲ್ಲಿ ನೀರೂ ಬೇಡ ಅಂತ ಇದೆ. ಡಾಕ್ಟರುಗಳೂ, ಆಶಾ ಕಾರ್ಯಕರ್ತೆಯರೂ ಹೇಳುವುದು ಅದನ್ನೇ. ಅದಾದ ಎರಡೇ ಸಾಲಿಗೆ, 3ನೇದರಲ್ಲಿ, ಹುಟ್ಟಿದ ಮೊದಲ ವಾರದಿಂದ ದಿನಾ ಜೇನಿನಲ್ಲಿ ಬಜೆ ತೇಯ್ದು ನೆಕ್ಕಿಸಿದರೆ ಮಾತು ಬೇಗ ಬರುತ್ತದೆ ಅಂತ ಇದೆ. ಎರಡೂ ಒಂದೇ ಮೆಸೇಜಿನಲ್ಲಿವೆ. ಒಬ್ಬರೂ ಗಮನಿಸಲಿಲ್ಲ. ಆ ಹೊತ್ತಿಗೆ ನಾನೂ ಗಮನಿಸಿರಲಿಲ್ಲ.

ಅಷ್ಟರಲ್ಲಿ ಮೈಸೂರಿನ ಅಕ್ಕ ಬಂದಳು. ಅವಳು 5ನೇದನ್ನು ಹಿಡಿದಳು. ಆರು ತಿಂಗಳ ನಂತರ ರಾಗಿ ಮಣ್ಣಿ ಕೊಡಿ ಅಂತ ಅದರಲ್ಲಿ ಇತ್ತು. 'ಅಜ್ಜಿ ಹಳೇ ಪಂಚೆಯಲ್ಲಿ ರಾಗಿ ಹಾಲು ಸೋಸ್ತಿದ್ದದ್ದು ನೆನಪಿದೆಯಾ? ಮಗುವಿಗೆ ಮಾಡಿದ್ದರಲ್ಲಿ ತಳ ಹಿಡಿದದ್ದು ನಮಗೆ. ಬೆಲ್ಲ ಹಾಕಿಸಿಕೊಂಡು ಪಾತ್ರೆ ಕೆರೆದು ತಿಂತಿದ್ವಿ.' ಎಲ್ಲರಿಗೂ ನೆನಪಾಯಿತು. ನಮ್ಮ ಕಡೆ ಮಣ್ಣಿ ಅನ್ನುವುದನ್ನು ಮೈಸೂರಿನಲ್ಲಿ ರಾಗಿ ಸರಿ ಅನ್ನುತ್ತಾರೆ ಅಂತ ಅವಳು ಹೇಳಿದಳು. ಮಣ್ಣಿ ಬೇರೆ, ಸರಿ ಬೇರೆ ಅಂತ ಇನ್ನೊಬ್ಬರು. ಆ ಚರ್ಚೆಯಲ್ಲಿ ನನ್ನದೂ ಎರಡು ಮೆಸೇಜ್ ಇವೆ.

ಅಜ್ಜಿ, ಬಾಣಂತಿ ಕೋಣೆ ಅನ್ನುವ ಮಾತು ಬಂದ ಮೇಲೆ ಶಿವಮೊಗ್ಗದ ಅತ್ತೆಗೂ ಸಾಗರದ ಚಿಕ್ಕಮ್ಮನಿಗೂ ಹತ್ತಿಕೊಂಡಿತು. ಅತ್ತೆ ಹೆರಿಗೆಗೆ ಅಂತ ತವರಿಗೆ ಬಂದದ್ದು 1996ರಲ್ಲಿ. ಚಿಕ್ಕಮ್ಮ ಆ ಮನೆಗೆ ಸೊಸೆಯಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. 'ನನ್ನ ಬಾಣಂತನ ಹೇಗಾಯ್ತು ಅಂತ ನನಗೊಬ್ಬಳಿಗೇ ಗೊತ್ತು' ಅಂತ ಅತ್ತೆ ಬರೆದರು. ಸ್ವಲ್ಪ ಹೊತ್ತು ಬಿಟ್ಟು ಚಿಕ್ಕಮ್ಮನ ಉತ್ತರ ಬಂತು. 'ಮೂರು ತಿಂಗಳು ಬೆಳಗಿನ ಜಾವ ಎದ್ದು ಹಂಡೆ ಒಲೆಗೆ ಕಟ್ಟಿಗೆ ಒಟ್ಟಿದವಳು ನಾನು. ನಿಮ್ಮ ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ದವಳೂ ನಾನೇ.' ಇಷ್ಟು ವರ್ಷ ಚಿಕ್ಕಮ್ಮ ಯಾರಿಗೂ ಇದನ್ನು ಹೇಳಿದ್ದಿಲ್ಲ. ನನಗೆ ಅದನ್ನು ಓದಿ ಅಳು ಬಂತು. ಆಗ ಅವರಿಗೆ ಇಪ್ಪತ್ತೆರಡು ವರ್ಷ.

ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪ ಮತ್ತೆ ಬಂದರು. ಎಲ್ಲರನ್ನೂ ಸುಮ್ಮನಿರಿಸುವ ಹಾಗೆ ಬರೆದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಏಟು ತಿನ್ನದ ಮಕ್ಕಳು ಇವತ್ತು ಹೇಗಾಗಿದ್ದಾರೆ ನೋಡಿ, ನಾನು ಹೊಡೆದ ಹುಡುಗರು ಈಗಲೂ ಸಿಕ್ಕಿದಲ್ಲಿ ಕಾಲಿಗೆ ಬೀಳುತ್ತಾರೆ, ಹೀಗೆ. ಅತ್ತೆಯ ಮಗ ಹೈಸ್ಕೂಲು ಮೇಷ್ಟ್ರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಗುವಿಗೆ ಹೊಡೆಯುವ ಹಾಗಿಲ್ಲ, ಮನಸ್ಸಿಗೆ ನೋವಾಗುವಂತೆ ನಡೆಸಿಕೊಳ್ಳುವ ಹಾಗೂ ಇಲ್ಲ ಅಂತ ಅವನು ವಿನಯದಿಂದಲೇ ಬರೆದ. 'ಅದಕ್ಕೇ ಶಾಲೆಗಳು ಹೀಗಾಗಿವೆ' ಅಂದರು ದೊಡ್ಡಪ್ಪ.

ಆಗ ಪುಣೆಯಿಂದ ದೊಡ್ಡಪ್ಪನ ಮಗ ಬರೆದ. ಬೆಳಿಗ್ಗೆಯಿಂದ ಅವನು ಒಂದು ಮಾತೂ ಆಡಿರಲಿಲ್ಲ.

'ಅಪ್ಪ, 15ನೇದು ಓದಿದ್ರಾ?'

ನಾನು ಮೇಲೆ ಹೋಗಿ ನೋಡಿದೆ. ಮಕ್ಕಳಿಗೆ ಹದಿನಾರು ತುಂಬಿದ ಮೇಲೆ ಕೈ ಎತ್ತಬೇಡಿ, ಗೆಳೆಯರಂತೆ ಕಾಣಿ ಅಂತ ಇತ್ತು. ಕೆಳಗೆ ಬರುವಷ್ಟರಲ್ಲಿ ಅವನದು ಇನ್ನೊಂದು ಸಾಲು ಬಂದಿತ್ತು.

'ಪಿಯುಸಿ ರಿಸಲ್ಟ್ ಬಂದ ದಿನ ನನಗೆ ಹದಿನೇಳು.'

ಆ ದಿನ ನಾವೆಲ್ಲ ಅದೇ ಮನೆಯಲ್ಲಿದ್ದೆವು. ಜಗಲಿಯಲ್ಲಿ ನೆಂಟರು ಕೂತಿದ್ದರು. ಅವರ ಎದುರೇ ಆಯಿತು. ಅವನು ಅಳಲಿಲ್ಲ, ಚಪ್ಪಲಿ ಹಾಕಿಕೊಂಡು ತೋಟದ ಕಡೆ ಹೋದ. ಕತ್ತಲಾದ ಮೇಲೆ ದೊಡ್ಡಮ್ಮ ಟಾರ್ಚ್ ಹಿಡಿದು ಹುಡುಕಿಕೊಂಡು ಹೋದರು. ಆಮೇಲೆ ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವನು ಮರೆತಿರಬಹುದು ಅಂತ ನಾನು ಅಂದುಕೊಂಡಿದ್ದೆ.

ಗುಂಪಿನಲ್ಲಿ ದೊಡ್ಡಪ್ಪನ ಹೆಸರಿನ ಮುಂದೆ 'ಟೈಪಿಂಗ್' ಅಂತ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಏನೂ ಬರಲಿಲ್ಲ. ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಮೈಸೂರಿನ ಅಕ್ಕ ಅಜ್ಜಿಯ ಹಳೆಯ ಫೋಟೋ ಒಂದನ್ನು ಹಾಕಿದಳು. ಎಲ್ಲರೂ ಅದಕ್ಕೆ ಕೈ ಮುಗಿದರು.

ರಾತ್ರಿ ಹನ್ನೊಂದಕ್ಕೆ ನಿದ್ದೆ ಬರಲಿಲ್ಲ. ಚಿಕ್ಕಮ್ಮನ ಮಾತನ್ನು ಇನ್ನೊಮ್ಮೆ ಓದಬೇಕು ಅನಿಸಿ ಮೊದಲಿನಿಂದ ನೋಡುತ್ತಾ ಬಂದೆ. ಒಟ್ಟು 187 ಮೆಸೇಜ್. ಬೆಳಿಗ್ಗೆ 7.42ಕ್ಕೆ, ಅಣ್ಣನ 'ಮೂಲ ಯಾವುದು'ಗೂ ದೊಡ್ಡಪ್ಪನ 'ಅದೇ ಮೂಲ'ಕ್ಕೂ ನಡುವೆ, ಚಿಕ್ಕಮ್ಮನ ಮಗಳು ಬರೆದಿದ್ದಳು. ಅವಳು ಬಾಣಂತನಕ್ಕೆ ಸಾಗರದಲ್ಲಿದ್ದಾಳೆ.

'ಜೇನು ನೆಕ್ಕಿಸಬಹುದಾ? ಪಾಪುಗೆ 38 ದಿನ.'

ಇದಕ್ಕೆ ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ಇಡೀ ಗುಂಪಿನಲ್ಲಿ ಆ 15 ಸೂತ್ರ ನಿಜವಾಗಿ ಬೇಕಾಗಿದ್ದದ್ದು ಅವಳೊಬ್ಬಳಿಗೆ. ನಿಜವಾಗಿ ಓದಿದವಳೂ ಅವಳೊಬ್ಬಳೇ.

ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದೆ. 'ಅಕ್ಕಾ, ನಿನ್ನೆ ಕೇಳಿದ್ದೆ, ಯಾರೂ ಹೇಳಲಿಲ್ಲ' ಅಂದಳು. ನೆಕ್ಕಿಸಿದ್ದೀರಾ ಅಂತ ಕೇಳಿದೆ. ಇನ್ನೂ ಇಲ್ಲ, ಅಮ್ಮ ಇವತ್ತು ಶುರು ಮಾಡೋಣ ಅಂತಿದ್ದಾರೆ ಅಂದಳು. ನಾಮಕರಣಕ್ಕೆ ದೊಡ್ಡಪ್ಪ ತಮ್ಮ ಪೆಟ್ಟಿಗೆಯ ತುಡುವೆ ಜೇನನ್ನೇ ಒಂದು ಬಾಟಲಿ ತಂದುಕೊಟ್ಟಿದ್ದರಂತೆ.

ಬೇಡ ಅಂದೆ. ಹದಿನಾಲ್ಕು ವರ್ಷದ ಹಿಂದೆ ನನ್ನ ಮಗಳಿಗೆ ಲಸಿಕೆ ಹಾಕಿಸಲು ಹೋದಾಗ ಏನಾದರೂ ನೆಕ್ಕಿಸುತ್ತೀರಾ ಅಂತ ಡಾಕ್ಟರ್ ಕೇಳಿದ್ದರು. ಜೇನು ಅಂದ ಕೂಡಲೇ ಪೆನ್ನು ಕೆಳಗಿಟ್ಟರು. ಅವರು ಅವತ್ತು ಹೇಳಿದ್ದನ್ನೇ ಅವಳಿಗೆ ಹೇಳಿದೆ. ಜೇನಿನಲ್ಲಿ ಕೆಲವೊಮ್ಮೆ ಬೊಟುಲಿನಮ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ನಮ್ಮ ಹೊಟ್ಟೆಗೆ ಹೋದರೆ ಏನೂ ಮಾಡುವುದಿಲ್ಲ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡಬಹುದು. ಮೊದಲು ಮಲ ಕಟ್ಟುತ್ತದೆ. ಆಮೇಲೆ ಅಳುವ ದನಿ ಕ್ಷೀಣವಾಗುತ್ತದೆ, ಹಾಲು ಚೀಪುವ ಶಕ್ತಿ ಕಡಿಮೆಯಾಗುತ್ತದೆ, ಕಣ್ಣಿನ ರೆಪ್ಪೆ ಜೋಲುತ್ತದೆ, ಕೈಕಾಲು ಸಡಿಲವಾಗುತ್ತವೆ. ಜಾಸ್ತಿಯಾದರೆ ಉಸಿರಾಟಕ್ಕೇ ಯಂತ್ರ ಹಚ್ಚಬೇಕಾಗುತ್ತದೆ. ಅಪರೂಪದ ಕಾಯಿಲೆ, ನಿಜ. ಆದರೆ ಒಂದು ಹನಿ ಜೇನಿಗೋಸ್ಕರ ಅಂಥದ್ದಕ್ಕೆ ಯಾಕೆ ಅವಕಾಶ ಕೊಡಬೇಕು?

'ಇದು ಮನೆಯದ್ದೇ ಅಲ್ವಾ ಅಕ್ಕ, ಕಲಬೆರಕೆ ಇಲ್ಲ. ಕುದಿಸಿ ಕೊಟ್ಟರೆ?' ಅಂದಳು. ಶುದ್ಧ ಜೇನಿನಲ್ಲೂ ಆ ಬೀಜಕಣ ಇರಬಹುದು, ಮನೆಯಲ್ಲಿ ಕುದಿಸಿದರೆ ಅವು ಸಾಯುವುದಿಲ್ಲ, ಒಂದು ವರ್ಷ ತುಂಬಲಿ ಅಂದೆ. ಬಜೆಯೂ ಬೇಡ, ಈಗ ನಿನ್ನ ಹಾಲೇ ಸಾಕು, ಮುಂದಿನ ವಾರ ಆರು ವಾರದ ಲಸಿಕೆಗೆ ಹೋದಾಗ ನೀನೇ ಡಾಕ್ಟರನ್ನು ಕೇಳು ಅಂತಲೂ ಹೇಳಿದೆ.

ನಂತರ ಇದನ್ನೇ ಗುಂಪಿನಲ್ಲಿ, ಅವಳ ಪ್ರಶ್ನೆಯ ಕೆಳಗೆ ಉತ್ತರವಾಗಿ ಬರೆದೆ. ಮೂಲವನ್ನೂ ಹೇಳಿದೆ. ಒಂದು ವರ್ಷದವರೆಗೆ ಜೇನು ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ದೊಡ್ಡಪ್ಪ ಬೇಗ ನೋಡಿದರು. 'ನಾವೆಲ್ಲ ಜೇನು ನೆಕ್ಕಿಯೇ ಬೆಳೆದವರು' ಅಂದರು. ದನಿ ನಿನ್ನೆಯಷ್ಟು ಗಟ್ಟಿ ಇರಲಿಲ್ಲ.

ನಾನು ಸ್ವಲ್ಪ ಹೊತ್ತು ಯೋಚನೆ ಮಾಡಿ ಬರೆದೆ. 'ದೊಡ್ಡಪ್ಪ, ಅಜ್ಜಿ ಒಂಬತ್ತು ಹೆತ್ತಿದ್ದರು. ಆರು ಉಳಿದವು. ಮೂರು ಯಾಕೆ ಹೋದವು ಅಂತ ಯಾರಿಗೂ ಗೊತ್ತಿಲ್ಲ. ಜೇನಿನಿಂದ ಅಂತ ನಾನು ಹೇಳ್ತಿಲ್ಲ. ಆದರೆ ನಾವೆಲ್ಲ ಬೆಳೆದೆವು ಅನ್ನುವಾಗ ಆ ಮೂರು ಲೆಕ್ಕಕ್ಕೆ ಬರೋದಿಲ್ಲ.'

ಅದಕ್ಕೆ ಅವರು ಏನೂ ಹೇಳಲಿಲ್ಲ. ಗುಂಪನ್ನೂ ಬಿಡಲಿಲ್ಲ.

ಸಂಜೆ ಚಿಕ್ಕಮ್ಮ ಬರೆದರು. 'ಜೇನಿನ ಬಾಟಲಿ ಮೇಲಿನ ಗೂಡಿನಲ್ಲಿ ಇಟ್ಟಿದ್ದೇನೆ. ಪಾಪುಗೆ ವರ್ಷ ತುಂಬಿದ ಮೇಲೆ ಇಳಿಸ್ತೀನಿ. ಭಾವಯ್ಯ, ಆಗ ನೀವೇ ಬಂದು ನೆಕ್ಕಿಸಿ.'