ಸಮಸ್ಯೆ: ‘ಮಳೆ ಬಂದಿತೆನುತ್ತೆ ಕಣ್ಣನೊರಸಿದಳಮ್ಮ’

ಮೈಸೂರಿನಿಂದ, ಸಮಸ್ಯೆ ಕೊಟ್ಟವರು:

ಪದ್ಯಪ್ರಿಯರೇ, ಈ ಸಲದ ಸಮಸ್ಯೆ, ಅಂದರೆ ನೀವು ಪದ್ಯವಾಗಿ ಪೂರ್ತಿಮಾಡಬೇಕಾದ ಸಾಲು, ಕಂದಪದ್ಯದ ನಾಲ್ಕನೆಯ ಪಾದ.

ಮಳೆ ಬಂದಿತೆನುತ್ತೆ ಕಣ್ಣನೊರಸಿದಳಮ್ಮ

ಮೇಲಿನ ಮೂರು ಪಾದ ನಿಮ್ಮದು. ಒಂದೇ ಒಂದು ಕರಾರು: ಬೇಸಗೆಯಲ್ಲಿ ಮನೆಬದುಕಿನಲ್ಲಿ ನಡೆದ ಸಂಗತಿಯಾಗಿರಬೇಕು. ಪುರಾಣದ ಪಾತ್ರಗಳನ್ನು ಈ ಸಲ ಕರೆತರಬೇಡಿ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಮಳೆ ಬಂದರೆ ಮನೆಮಂದಿಯೆಲ್ಲ ಜಗಲಿಗೆ ಓಡಿಬಂದು ಮುಖವೊಡ್ಡುತ್ತಾರೆ. ಹಾಗಿರುವಾಗ ಈ ತಾಯಿ ಕಣ್ಣೊರಸಿಕೊಂಡದ್ದೇಕೆ? ಅದನ್ನು ನೀವು ಹೇಳಬೇಕು.

ಸಮಸ್ಯಾಪೂರಣ ಅಂದರೆ ಆಸ್ಥಾನದ ವಿದ್ಯೆ ಅಂತ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಬರೀ ‘ಠಂಠಂ’ ಎಂಬ ಸದ್ದನ್ನೇ ಸಮಸ್ಯೆಯಾಗಿ ಕೊಟ್ಟ ಆ ಹಳೆಯ ಕಥೆಯನ್ನು ನೆನೆಸಿಕೊಳ್ಳಿ. ಅದು ಬಗೆಹರಿದದ್ದು ಹೇಗೆ? ಒಬ್ಬಳ ಕೈಯಿಂದ ಕೊಡ ಜಾರಿ ಮೆಟ್ಟಿಲ ಮೇಲೆ ಉರುಳಿತು, ಅಷ್ಟೇ. ನೀರು ಹೊರುವ ಮನೆಗಳಲ್ಲಿ ದಿನಾ ಕೇಳುವ ಸದ್ದು ಅದು. ನನಗೆ ಆ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಕೊಡ.

ಹೊಸಬರಿಗಾಗಿ ಲೆಕ್ಕ ಹೇಳಿಬಿಡುತ್ತೇನೆ. ಮಾತ್ರೆ ಅಂದರೆ ಉಚ್ಚಾರದ ಕಾಲದ ಅಳತೆ: ಲಘುವಿಗೆ ಒಂದು, ಗುರುವಿಗೆ ಎರಡು. ಕಂದದ ಪಾದಗಳಿಗೆ ಕ್ರಮವಾಗಿ 12, 20, 12, 20 ಮಾತ್ರೆ. ಎಲ್ಲವೂ ನಾಲ್ಕು ಮಾತ್ರೆಯ ಗಣಗಳು, ಅಂದರೆ ಗುಂಪುಗಳು. ಎರಡು ಪಾದ ಸೇರಿ ಒಂದು ಅರ್ಧ, ಅದಕ್ಕೆ ಎಂಟು ಗಣ. ಆರನೆಯ ಗಣ ಜಗಣ (ಲಘು-ಗುರು-ಲಘು) ಆಗಬೇಕು, ಇಲ್ಲವೇ ನಾಲ್ಕೂ ಲಘು. ಒಂದು, ಮೂರು, ಐದು, ಏಳರಲ್ಲಿ ಜಗಣ ಕೂಡದು. ಎಂಟನೆಯದು ಗುರುವಿನಲ್ಲೇ ಮುಗಿಯಬೇಕು. ನಮ್ಮ ಪಾದ ಒಡೆಯುವುದು ಹೀಗೆ: ಮಳೆ ಬಂ / ದಿತೆನುತ್ / ತೆ ಕಣ್ಣ / ನೊರಸಿದ / ಳಮ್ಮ. ಕೊನೆಯ ‘ಮ್ಮ’ ಪಾದದ ತುದಿಯಲ್ಲಿರುವುದರಿಂದ ಗುರು. ಪ್ರಾಸಾಕ್ಷರ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರ, ಇಲ್ಲಿ ‘ಳ’, ಅದರ ಹಿಂದಿನದು ಲಘು. ಇಳೆ, ಎಳೆ, ಹಳೆ, ಒಳಗೆ, ಕೆಳಗೆ ಎಲ್ಲ ನಡೆಯುತ್ತವೆ. ‘ಬಾಳೆ’, ‘ಹಳ್ಳಿ’ ನಡೆಯುವುದಿಲ್ಲ.

ಮಂಡ್ಯದಿಂದ:

ನೋಡಿದ ಕೂಡಲೇ ನಮ್ಮ ತಾರಸಿ ಕಣ್ಮುಂದೆ ಬಂತು ಸರ್. ಎಲ್ಲರೂ ಇದನ್ನೇ ಬರೆಯುತ್ತಾರೆ ಅನ್ನಿಸಿ ಮೊದಲೇ ಹಾಕುತ್ತಿದ್ದೇನೆ.

ಎಳೆಬಿಸಿಲಲಿ ಸಂಡಿಗೆಯಂ
ಬಿಳಿ ಪಂಚೆಯ ಮೇಲೆ ಸಾಲು ಸಾಲಾಗಿಟ್ಟಳ್
ಘಳಿಲನೆ ಮೋಡಂ ಕವಿದಿರೆ
ಮಳೆ ಬಂದಿತೆನುತ್ತೆ ಕಣ್ಣನೊರಸಿದಳಮ್ಮ

ಮೈಸೂರಿನಿಂದ:

ಎಲ್ಲರೂ ಬರೆಯಬಹುದಾದದ್ದು ನಿಜ, ಆದರೆ ‘ಬಿಳಿ ಪಂಚೆ’ ನಿಮಗೇ ಹೊಳೆದದ್ದು. ನಮ್ಮ ಮನೆಯಲ್ಲೂ ಅಪ್ಪನ ಹಳೇ ಪಂಚೆಯೇ. ಅಮ್ಮ ಕೋಳಿ ಕೂಗುವ ಹೊತ್ತಿಗೆ ಎದ್ದು, ಮೊದಲೇ ನೆನೆಸಿ ರುಬ್ಬಿಟ್ಟ ಅಕ್ಕಿ ಹಿಟ್ಟನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಕೈಬಿಡದೆ ತಿರುವಿ, ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಹಾಕಿ ಇಳಿಸುತ್ತಿದ್ದರು. ಬಿಸಿಲು ಏರುವ ಮುಂಚೆ ಅದು ತಾರಸಿಗೆ ಹೋಗಬೇಕು. ಒಂದೊಂದೇ ಚಮಚ ಸುರಿದು ಸೊಂಟ ಬಗ್ಗಿಸಿಕೊಂಡೇ ಹಿಂದಕ್ಕೆ ಸರಿಯುತ್ತಾ ಬರುವುದು. ನಾಲ್ಕು ಮೂಲೆಗೂ ಕಲ್ಲು. ಕಾಗೆಗೆ ಹೆದರಿಕೆಯಾಗಲಿ ಅಂತ ನಡುವೆ ಬಿಚ್ಚಿಟ್ಟ ಕರೀ ಕೊಡೆ. ಕಾವಲಿಗೆ ಕೂತವನು ನಾನು. ಮೇಲೆ ಒಣಗಿ ಅಡಿಯಲ್ಲಿ ಇನ್ನೂ ಮೆತ್ತಗಿರುವ ಸಂಡಿಗೆಯನ್ನು ಪಂಚೆಯಿಂದ ಎಬ್ಬಿಸಿ ಬಾಯಿಗೆ ಹಾಕಿಕೊಂಡರೆ, ಅದರ ಹಿಂಬದಿಗೆ ಬಟ್ಟೆಯ ನೇಯ್ಗೆಯ ಗುರುತು ಅಚ್ಚೊತ್ತಿರುತ್ತಿತ್ತು. ನಾಲಿಗೆಗೆ ಅದು ತಿಳಿಯುತ್ತಿತ್ತು.

ಬೇಸಗೆ ಮಳೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನ ಇಳಿದ ಮೇಲೆ. ಬೆಳಗ್ಗೆಯಿಂದ ನೆಲ ಕಾದು, ಬಿಸಿಗಾಳಿ ಮೇಲೇರಿ, ಮೂರು ನಾಲ್ಕು ಗಂಟೆಗೆ ಮೋಡ ಕಟ್ಟಿ ಒಮ್ಮೆಲೇ ಗುಡುಗುತ್ತದೆ. ಸಂಡಿಗೆ ಅರ್ಧ ಒಣಗಿರುವ ಹೊತ್ತೂ ಅದೇ. ನಿಮ್ಮ ‘ಘಳಿಲನೆ’ ಅದನ್ನು ಸರಿಯಾಗಿ ಹಿಡಿದಿದೆ.

ತೀರ್ಥಹಳ್ಳಿಯಿಂದ:

ನಮ್ಮ ಕಡೆ ಸಂಡಿಗೆಗಿಂತ ಹಲಸಿನ ಹಪ್ಪಳದ ಗಲಾಟೆ ಜಾಸ್ತಿ. ಆದರೆ ನನಗೆ ನೆನಪಾಗಿದ್ದು ಹಪ್ಪಳವಲ್ಲ, ಸೌದೆ. ಮಳೆಗಾಲಕ್ಕೆ ಬೇಕಾದ ಸೌದೆಯನ್ನು ಬೇಸಗೆಯಲ್ಲೇ ಒಡೆದು, ಒಣಗಿಸಿ, ಕೊಟ್ಟಿಗೆಗೆ ಸೇರಿಸಬೇಕು. ಅಂಗಳದಲ್ಲಿ ಉಳಿದಿದ್ದಕ್ಕೆ ಒಂದು ಮಳೆ ಬಿತ್ತು ಅಂದ್ರೆ ಆ ದಿನ ಅಡುಗೆಮನೆಗೆ ಕಾಲಿಡುವ ಹಾಗಿಲ್ಲ.

ಒಳಗೆ ತರಲ್ ಮರೆತ ಸವುದೆ
ಗಳಿಗೆಯೊಳೇ ತೊಯ್ದು ಹೊಗೆಯನೆಬ್ಬಿಸಿತೊಲೆಯೊಳ್
ಅಳುವೇಕಮ್ಮಾ ಎನ್ನಲ್
ಮಳೆ ಬಂದಿತೆನುತ್ತೆ ಕಣ್ಣನೊರಸಿದಳಮ್ಮ

ಮೂರನೇ ಸಾಲಲ್ಲಿ ಸಂಧಿ ಮಾಡಿಲ್ಲ, ತಪ್ಪಾಯ್ತಾ?

ಮೈಸೂರಿನಿಂದ:

ತಪ್ಪಿಲ್ಲ ತಾಯಿ. ಕೂಗಿ ಕರೆಯುವಾಗ ಎಳೆದ ಸ್ವರಕ್ಕೆ ಸಂಧಿಯಾಗಬೇಕಿಲ್ಲ. ಮಗುವಿನ ಬಾಯಲ್ಲಿ ‘ಅಮ್ಮಾ’ ಹಾಗೆ ನಿಂತರೇ ಚೆಂದ.

ಈ ಪದ್ಯದಲ್ಲಿ ಆದದ್ದನ್ನು ಎಲ್ಲರೂ ಗಮನಿಸಬೇಕು. ಮಂಡ್ಯದವರ ಪೂರಣದಲ್ಲಿ ‘ಎನುತ್ತೆ’ ಅಂದರೆ ಮರುಗುತ್ತಾ ಅಂದುಕೊಂಡದ್ದು. ಇಲ್ಲಿ ಅದು ಮಗುವಿಗೆ ಕೊಟ್ಟ ಉತ್ತರ. ತಾಯಿ ಅಳುತ್ತಲೇ ಇಲ್ಲ! ಸಮಸ್ಯೆ ಕೊಡುವಾಗ ನಾನು ‘ಕಣ್ಣೊರಸಿ’ನಲ್ಲಿ ಕೀಲಿ ಇದೆ ಅಂದುಕೊಂಡಿದ್ದೆ. ನೀವು ಅದನ್ನು ‘ಎನುತ್ತೆ’ಯಲ್ಲಿ ತೋರಿಸಿದಿರಿ. ಯಾರಿಗೆ ಹೇಳಿದಳು, ಯಾಕೆ ಹೇಳಿದಳು ಎಂದು ಕೇಳುತ್ತಾ ಹೋದರೆ ಇನ್ನೂ ಬಾಗಿಲುಗಳು ತೆರೆಯುತ್ತವೆ.

ರಾಯಚೂರಿನಿಂದ:

ನಮಸ್ಕಾರ ರೀ. ನಮ್ಮ ಕಡಿ ಮೇ ತಿಂಗಳಂದ್ರ ಮನಿಯೊಳಗ ಮಲಗೂದು ಆಗೂದಿಲ್ರಿ, ಗ್ವಾಡಿ ಸೈತ ಬಿಸಿ ಇರ್ತಾವ. ಸಂಜಿಗೆ ಮಾಳಗಿಗೆ ನೀರು ಹೊಡದು, ಚಾಪಿ ಹಾಸಿ, ತಲಿಗೆ ಒಂದು ತಂಬಿಗಿ ನೀರು ಇಟಗೊಂಡು ಎಲ್ಲಾರೂ ಮ್ಯಾಲೇ. ನಡುರಾತ್ರಿ ಹನಿ ಬಿತ್ತಂದ್ರ ಮೊದಲು ಎಚ್ಚರಾಗಾಕಿ ಅವ್ವ. ಹಾಸಿಗಿ ಸುತಗೊಂಡು, ನಿದ್ದಿಗಣ್ಣಿನ ಹುಡುಗರನ್ನ ಬಗಲಾಗ ಹಿಡಕೊಂಡು ಇಳಿಯಾಕಿನೂ ಆಕೀನ. ಕಂದ ನನಗ ಹೊಸಾದು, ತಪ್ಪಿದ್ರ ತಿದ್ರಿ.

ಸುಳಿಗಾಳಿಯಿಲ್ಲದಿರುಳೊಳ್
ಕೆಳಮನೆಯ ಬಿಟ್ಟು ಮಾಳಿಗೆ ಮೇಲೊರಗಿದ್ದಳ್
ತಿಳಿಹನಿಯೊಂದೆವೆಗುದುರಲ್
ಮಳೆ ಬಂದಿತೆನುತ್ತೆ ಕಣ್ಣನೊರಸಿದಳಮ್ಮ

ಮೈಸೂರಿನಿಂದ:

ಆಹಾ! ನಾವೆಲ್ಲ ಕಣ್ಣೀರನ್ನು ಹುಡುಕುತ್ತಿದ್ದೆವು. ನೀವು ಮಳೆಯ ಹನಿಯನ್ನೇ ತಂದು ರೆಪ್ಪೆಯ ಮೇಲಿಟ್ಟಿರಿ. ಇಷ್ಟು ಸರಳವಾದ ಪರಿಹಾರ ನನಗೆ ಹೊಳೆದಿರಲಿಲ್ಲ.

ಎರಡನೆಯ ಪಾದದಲ್ಲಿ ಮಾತ್ರೆ 20 ಸರಿಯಾಗಿದೆ, ಗಣ ಜಾರಿದೆ. ಒಡೆದು ನೋಡಿ: ಕೆಳಮನೆ / ಯ ಬಿಟ್ಟು / ಮಾಳಿಗೆ / ಮೇಲೊರ / ಗಿದ್ದಳ್. ‘ಯ ಬಿಟ್ಟು’ ಜಗಣ, ಮೊದಲ ಪಾದದ ಮೂರು ಗಣ ಸೇರಿಸಿ ಎಣಿಸಿದರೆ ಅದು ಐದನೆಯ ಜಾಗದಲ್ಲಿ ಕೂತಿದೆ. ಆರನೆಯದಾಗಿ ‘ಮಾಳಿಗೆ’ ಬಂದಿದೆ, ಅಲ್ಲಿ ಜಗಣ ಬೇಕಿತ್ತು. ಬಾಯಿಬಿಟ್ಟು ಓದಿದರೆ ಅಲ್ಲೇ ಕಾಲು ತಡೆದಂತಾಗುತ್ತದೆ. ಸ್ವಲ್ಪ ಸರಿಸಿದರೆ ಸಾಕು:

ಕೆಳಗಣ ಮನೆ ಬಿಟ್ಟು ಮಾಳಿಗೆಯೊಳೊರಗಿರ್ದಳ್

ಕೆಳಗಣ / ಮನೆ ಬಿಟ್ / ಟು ಮಾಳಿ / ಗೆಯೊಳೊರ / ಗಿರ್ದಳ್. ಈಗ ‘ಟು ಮಾಳಿ’ ಆರನೆಯ ಜಗಣವಾಯಿತು. ಪದ್ಯ ನಿಮ್ಮದೇ, ಮೆಟ್ಟಿಲಿನ ಒಂದು ಕಲ್ಲನ್ನು ಮಾತ್ರ ತಿರುಗಿಸಿಟ್ಟೆ.

ರಾಯಚೂರಿನಿಂದ:

ತಿಳೀತ್ರಿ ಸರ. ಈಗ ಜೋರಾಗಿ ಓದಿದೆ, ತಡದಂಗ ಆಗಲಿಲ್ಲ. ಅವ್ವಗೂ ಕೇಳಿಸೇನಿ.

ಮೂಡಿಗೆರೆಯಿಂದ:

ಕಾಫಿ ಸೀಮೆಯವರಿಗೆ ಈ ಸಮಸ್ಯೆಯಲ್ಲಿ ವಿರೋಧವೇ ಕಾಣುವುದಿಲ್ಲ. ಮಾರ್ಚ್ ಬಂತೆಂದರೆ ಊಟಕ್ಕೆ ಕೂತರೂ ಆಕಾಶದ ಮಾತೇ. ಹೂಮಳೆ ಸಕಾಲಕ್ಕೆ ಒಂದಿಂಚು ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮನೆಯೊಳಗೆಲ್ಲ ಮಲ್ಲಿಗೆಯಂಥ ಘಮ. ಬರೀ ಹನಿ ಉದುರಿ ನಿಂತರೆ ಮೊಗ್ಗು ಅರ್ಧಕ್ಕೇ ಅರಳಿ ಕೆಡುತ್ತದೆ. ಹೂವಾದ ಮೇಲೂ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಅಲ್ಲಿಯವರೆಗೆ ಸಾಲದ ಮಾತು, ಮಗಳ ಮದುವೆ ಮಾತು ಯಾವುದನ್ನೂ ಎತ್ತುವಂತಿಲ್ಲ. ರಾತ್ರಿ ಹಂಚಿನ ಮೇಲೆ ಸದ್ದಾದಾಗ ಅಪ್ಪ ಟಾರ್ಚು ಹಿಡಿದು ಮಳೆಮಾಪಕ ನೋಡಲು ಹೊರಗೆ ಹೋಗುತ್ತಿದ್ದರು. ಅಮ್ಮ ದೇವರ ಮುಂದೆ ಸುಮ್ಮನೆ ನಿಂತಿರುತ್ತಿದ್ದರು.

ಇಳೆಯುರಿದು ಕಾಫಿಮೊಗ್ಗುಂ
ಕಳೆಗುಂದಿರೆ ರೆಂಬೆರೆಂಬೆಯೊಳ್ ನಡುವಿರುಳೊಳ್
ಬಳಬಳನೆ ಹನಿಗಳುದುರಲ್
ಮಳೆ ಬಂದಿತೆನುತ್ತೆ ಕಣ್ಣನೊರಸಿದಳಮ್ಮ

ತೀರ್ಥಹಳ್ಳಿಯಿಂದ:

‘ಬಳಬಳನೆ’ ಕಣ್ಣೀರಿಗೆ ಹೇಳುವ ಮಾತು. ಅದನ್ನು ಮಳೆಗೆ ಕೊಟ್ಟಿದ್ದೀರಿ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಹೊರಗಿನ ಹನಿ ಯಾವುದು, ಕಣ್ಣಿನ ಹನಿ ಯಾವುದು ಅಂತ ಬೇರೆ ಮಾಡೋಕೆ ಆಗಲ್ಲ. ತುಂಬ ಹಿಡಿಸ್ತು.

ಮಸ್ಕತ್‌ನಿಂದ:

ನಮ್ಮದು ಉಡುಪಿ ಹತ್ತಿರ. ಇಲ್ಲಿ ಮಳೆ ಬರುವುದೇ ಅಪರೂಪ, ಬೇಸಗೆಯಲ್ಲಂತೂ ಕೇಳಬೇಡಿ. ಅಮ್ಮ ನಮ್ಮ ಜೊತೆ ಇರಲು ಬಂದ ವರ್ಷ ಊರಲ್ಲಿ ದೊಡ್ಡಮ್ಮ ಮೊದಲ ಮಳೆಯ ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದರು. ಚಿತ್ರವಿಲ್ಲ, ಮಾತಿಲ್ಲ, ಹಂಚಿನ ಮೇಲೆ ಬೀಳುವ ಸದ್ದು ಮಾತ್ರ. ಅಮ್ಮ ಏಸಿ ಆರಿಸಲು ಹೇಳಿ, ಫೋನನ್ನು ಕಿವಿಗಿಟ್ಟುಕೊಂಡು ಮೂರು ಸಲ ಕೇಳಿದರು. ಇಲ್ಲಿ ‘ಅಕ್ಕ’ ಅಂದರೆ ಅಮ್ಮನ ಅಕ್ಕ.

ಕಳುಹಿದಳೂರಿಂದಕ್ಕನು
ಹಳೆಹಂಚಿನ ಮೇಲ್ ನಿನಾದಮಂ ಫೋನಿನೊಳೇ
ಅಳವಿಲ್ಲದ ಮರಳೂರೊಳ್
ಮಳೆ ಬಂದಿತೆನುತ್ತೆ ಕಣ್ಣನೊರಸಿದಳಮ್ಮ

ಮೈಸೂರಿನಿಂದ:

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ‘ಮರಳೂರು’ ಎಂಬ ಮಾತು ಪ್ರಾಸಕ್ಕಾಗಿ ಬಂದದ್ದಲ್ಲ, ಅದು ಇಲ್ಲದಿದ್ದರೆ ಪದ್ಯವೇ ಇಲ್ಲ. ಅಲ್ಲಿ ಮಳೆ ಬಂದದ್ದು ಕಿವಿಯೊಳಗೆ ಮಾತ್ರ, ಆದರೂ ಅಮ್ಮನಿಗೆ ಅದು ಬಂದ ಮಳೆಯೇ. ‘ಮೇಲ್ ನಿನಾದ’ ತುಸು ಬಿಗಿಯಾಯಿತು ಅಂತ ಯಾರಾದರೂ ಹೇಳಬಹುದು. ನಾನು ಹೇಳುವುದಿಲ್ಲ.

ಹಾಸನದಿಂದ:

ಭರಣಿ ನಕ್ಷತ್ರದ ಮಳೆಗೆ ಇನ್ನೂ ನಾಲ್ಕು ದಿನ ಇದೆ. ‘ಭರಣಿ ಸುರಿದರೆ ಧರಣಿ ಬದುಕೀತು’ ಅಂತ ಅಮ್ಮ ಏಪ್ರಿಲ್ ಕೊನೆಗೆ ಕಾಯುತ್ತಾ ಕೂರುವವರು. ಆದರೆ ನನ್ನ ಪದ್ಯದಲ್ಲಿ ಮಳೆ ಇಲ್ಲ. ‘ಎನುತ್ತೆ’ ಬಗ್ಗೆ ಮೇಲೆ ಬರೆದಿದ್ದನ್ನು ಓದಿದ ಮೇಲೆ ಹೊಳೆಯಿತು.

ಪ್ರತಿ ವರ್ಷ ರಜೆಗೆ ಮಕ್ಕಳನ್ನು ಊರಿಗೆ ಬಿಟ್ಟುಬರುತ್ತೇವೆ. ಒಂದು ತಿಂಗಳು ಮನೆ ತುಂಬ ಗಲಾಟೆ. ಬಚ್ಚಲುಮನೆ ಹಂಡೆಯಲ್ಲಿ ನೀರು ನಿಲ್ಲುವುದಿಲ್ಲ, ಮಾವಿನ ಹಣ್ಣಿನ ಬುಟ್ಟಿ ಸಂಜೆಗೆ ಖಾಲಿ, ಗೋಡೆಗೆಲ್ಲ ಹಳದಿ ಕೈಗುರುತು. ಮೇ ಕೊನೆಗೆ ಹೊರಡುವ ದಿನ ಅಮ್ಮ ಬಸ್ ಸ್ಟ್ಯಾಂಡಿನವರೆಗೂ ಬರುತ್ತಾರೆ, ಕೈಯಲ್ಲಿ ಉಪ್ಪಿನಕಾಯಿ ಡಬ್ಬಿ, ಹಪ್ಪಳದ ಕಟ್ಟು. ಎರಡು ವರ್ಷದ ಹಿಂದೆ ನಡೆದದ್ದನ್ನು ನಡೆದ ಹಾಗೇ ಬರೆದಿದ್ದೇನೆ.

ತಿಳಿಯಾಗಸ, ಬಸ್ಸೇರಲ್
ಎಳೆಯರ್ ಮೊಮ್ಮಕ್ಕಳೆಲ್ಲ ರಜೆ ಮುಗಿದೊಡನೇ
ಸೆಳೆದಪ್ಪುತೆ ಕಿರಿಯವಳಂ
ಮಳೆ ಬಂದಿತೆನುತ್ತೆ ಕಣ್ಣನೊರಸಿದಳಮ್ಮ

ಮಂಡ್ಯದಿಂದ:

ಮೊದಲ ಪದವೇ ‘ತಿಳಿಯಾಗಸ’. ಅದನ್ನು ಅಲ್ಲಿಟ್ಟಿದ್ದು ಯಾಕೆ ಅಂತ ಕೊನೇ ಸಾಲಿಗೆ ಬಂದಾಗ ಗೊತ್ತಾಯ್ತು. ನನ್ನ ಸಂಡಿಗೆ ಪದ್ಯ ಇದರ ಮುಂದೆ ನಿಲ್ಲಲ್ಲ.

ಮೈಸೂರಿನಿಂದ:

ನಿಲ್ಲುತ್ತದೆ. ನಿಮ್ಮ ಪಂಚೆಯಿಂದಲೇ ಈ ಸರಣಿ ಶುರುವಾದದ್ದು.

ಹಾಸನದವರೇ, ಸಮಸ್ಯೆಯಲ್ಲಿ ಕೊಟ್ಟ ಮಳೆಯನ್ನೇ ಇಲ್ಲವಾಗಿಸಿ ಸಮಸ್ಯೆ ಬಿಡಿಸಿದಿರಿ. ‘ಅತ್ತಳು’ ಎಂದು ಎಲ್ಲೂ ಹೇಳಿಲ್ಲ. ಕಿರಿಯವಳನ್ನು ಸೆಳೆದಪ್ಪಿದ್ದು, ಒಂದು ಸುಳ್ಳು, ಅಷ್ಟೇ ಇದೆ. ಆ ಸುಳ್ಳನ್ನು ನಂಬುವ ವಯಸ್ಸು ಆ ಕೂಸಿಗೆ ಮಾತ್ರ ಇತ್ತು ಅನ್ನಿಸುತ್ತದೆ. ಈ ಪದ್ಯವನ್ನು ಅಮ್ಮನಿಗೆ ಓದಿ ಹೇಳಿದಿರಾ?

ಹಾಸನದಿಂದ:

ನಿನ್ನೆ ರಾತ್ರಿ ಫೋನಿನಲ್ಲಿ ಓದಿದೆ ಸರ್. ಪೂರ್ತಿ ಕೇಳಿಸಿಕೊಂಡರು. ‘ಆವತ್ತು ನಿಜವಾಗ್ಲೂ ನಾಲ್ಕು ಹನಿ ಬಿದ್ದಿತ್ತು ಕಣೋ, ನೀನು ಬಸ್ಸಿನ ಒಳಗಿದ್ದೆ’ ಅಂದರು.